ಮಲಗದ ಕೋಣೆಗೆ ಸಹಿ

ಶರಣ ಬಂಧುಗಳೇ, ತಾಯಂದಿರೇ, ಕೈಯಲ್ಲಿರುವ ಕೆಲಸವನ್ನು ಒಂದು ಗಳಿಗೆ ಬದಿಗಿಟ್ಟು ಇತ್ತ ಕಿವಿಗೊಡಿರಿ. ಪುರಾಣಪುರುಷರ ಕಥೆ ಹೇಳಲು ಇಂದು ಕುಳಿತಿಲ್ಲ. ನಮ್ಮ ಹರದನಹಳ್ಳಿಯ ಪುಟ್ಟಬಸಪ್ಪ ಎಂಬ ಟೈಲ್ಸ್ ಮೇಸ್ತ್ರಿಯ ಸಂಗತಿ ಇದು. ಕೇಳಿದ ಮೇಲೂ ನಿಮ್ಮ ರಕ್ತ ಕುದಿಯದಿದ್ದರೆ, ಹಣೆಗೆ ಹಚ್ಚಿದ ವಿಭೂತಿ ಬರಿಯ ಬೂದಿಯೆಂದೇ ತಿಳಿಯಬೇಕಾಗುತ್ತದೆ.

ಪುಟ್ಟಬಸಪ್ಪನಿಗೆ ಐವತ್ತು ದಾಟಿದೆ. ನೆಲಕ್ಕೆ ಮೊಣಕಾಲೂರಿ ದುಡಿದು ದುಡಿದು ಮಂಡಿಯ ಚರ್ಮ ಎತ್ತಿನ ಹೆಗಲಿನಂತೆ ಜಡ್ಡುಗಟ್ಟಿದೆ. ಕೂರಿಸಿದ ಟೈಲ್ಸನ್ನು ಬೆರಳ ಗಿಣ್ಣಿನಿಂದ ತಟ್ಟಿ, ತಲೆ ಬಗ್ಗಿಸಿ ಸದ್ದು ಕೇಳುವುದು ಅವನ ಪದ್ಧತಿ. ಅಡಿಯಲ್ಲಿ ಗಾರೆ ತುಂಬದೆ ಟೊಳ್ಳು ಸದ್ದು ಬಂದಿತೋ, ಯಾರೂ ನೋಡದಿದ್ದರೂ ಕಿತ್ತು ಮತ್ತೆ ಕೂರಿಸುತ್ತಾನೆ. "ಮೇಲ್ ನೋಡಕ್ಕೆ ಚೆಂದಾಗದಲ್ಲ, ಬುಡು ಬಸಪ್ಪಣ್ಣ" ಎಂದು ಜೊತೆಯವರು ಬೇಸರಪಟ್ಟರೆ, "ನಾಳೆ ಮಂಚ ಎಳ್ದಾಗ ಬಿರುಕು ಬಿಟ್ರೆ ನಿಮ್ಮಪ್ಪ ಬಂದು ಕೂರ್ಸಾನಾ?" ಎಂದು ರೇಗುತ್ತಾನೆ. ಬೆಳಿಗ್ಗೆ ಮಿಂದು, ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಪೂಜಿಸದೆ ಒಂದು ಗುಟುಕು ಕಾಫಿಯನ್ನೂ ಕುಡಿದವನಲ್ಲ.

ಗುಂಡ್ಲುಪೇಟೆಯಲ್ಲಿ ಒಂದು ಖಾಸಗಿ ಕಂಪನಿ ವಿದ್ಯಾರ್ಥಿನಿಲಯಕ್ಕೆಂದು ಎರಡು ಕಟ್ಟಡಗಳ ಗುತ್ತಿಗೆ ಹಿಡಿದಿತ್ತು. ಕಂಪನಿಯ ಕಚೇರಿ ಇದ್ದದ್ದು ಚಾಮರಾಜನಗರದಲ್ಲಿ. ಮೊದಲನೆಯ ಕಟ್ಟಡದ ನೆಲದ ಕೆಲಸ ಪುಟ್ಟಬಸಪ್ಪನಿಗೆ ದೊರೆಯಿತು. ಅದು ಚೆನ್ನಾಗಿ ಮುಗಿದರೆ ಎರಡನೆಯದೂ ಅವನಿಗೇ ಎಂದು ಸೂಪರ್‌ವೈಸರ್ ಗಿರೀಶ್ ಮಾತು ಕೊಟ್ಟ. ಕೆಲಸ ಹೊತ್ತು ಮೂಡುವಾಗಲೇ ಆರಂಭವಾಗಿ, ಹರದನಹಳ್ಳಿಯ ಕೊನೆಯ ಬಸ್ಸು ಹೋದ ಮೇಲೆ ಮುಗಿಯುವಂಥದು. ಅಲ್ಲಿಯೇ ತಂಗದೆ ವಿಧಿಯಿರಲಿಲ್ಲ.

"ಊರು ಬಿಟ್ಟು ಬಂದವರ ರೂಮಿನ ಖರ್ಚು ಕಂಪನೀದು ಯಜಮಾನ್ರೇ. ಬಿಲ್ ತಂದ್ಕೊಡಿ, ಪಾಸ್ ಮಾಡಿಸ್ತೀನಿ" ಎಂದಿದ್ದ ಗಿರೀಶ್.

ಅವನು ತೋರಿಸಿದ ಲಾಡ್ಜು ಒಂದು ಬಾರಿನ ಮೇಲಿತ್ತು. ಪುಟ್ಟಬಸಪ್ಪ ಚೀಲ ಹಿಡಿದು ಮೆಟ್ಟಿಲು ಹತ್ತಿದವನು, ಒಳಗಿನ ನಾತಕ್ಕೂ ಗಲಾಟೆಗೂ ಲಿಂಗಪೂಜೆಗೂ ಹೊಂದಿಕೆಯಾಗದೆಂದು ಹಾಗೆಯೇ ಇಳಿದು, ಊರಂಚಿನ ಸಣ್ಣ ಮಠವೊಂದಕ್ಕೆ ನಡೆದ. ಅಲ್ಲಿಯ ಆಡಳಿತ ನೋಡಿಕೊಳ್ಳುವ ಮುದ್ದಯ್ಯನವರು ಯಾವ ಊರು, ಊಟವಾಯಿತೇ ಎಂದಷ್ಟೇ ಕೇಳಿ ಚಾಪೆ ಕೊಟ್ಟರು.

ನಮ್ಮ ಮಠಗಳ ರೀತಿಯನ್ನು ನಿಮಗೆ ವಿವರಿಸಬೇಕಾಗಿಲ್ಲ. ಎಷ್ಟು ದಿನ ಇರುತ್ತೀರಿ, ಎಷ್ಟು ಕೊಡುತ್ತೀರಿ ಎಂದು ಅಲ್ಲಿ ಯಾರೂ ಕೇಳರು. ಉಳ್ಳವನು ತಾನಾಗಿ ಗದ್ದುಗೆಯ ಮುಂದಿಟ್ಟು ಕೈ ಮುಗಿಯಬೇಕು. ಅನ್ನವನ್ನೂ ಸೂರನ್ನೂ ಬಿಟ್ಟಿಯಾಗಿ ಪಡೆಯಲು ಪುಟ್ಟಬಸಪ್ಪನ ಮನಸ್ಸು ಒಪ್ಪಲಿಲ್ಲ. ಲಾಡ್ಜಿನವರು ಕೇಳುತ್ತಿದ್ದಷ್ಟನ್ನೇ ಸೋಮವಾರ ಸೋಮವಾರ ಗದ್ದುಗೆಯ ಮುಂದಿಟ್ಟ. ಮುದ್ದಯ್ಯನವರು ಪ್ರತಿಸಲವೂ ರಸೀದಿ ಹರಿದುಕೊಟ್ಟರು. ಅದರಲ್ಲಿ ಬರೆದಿದ್ದ ಮಾತು, 'ದಾಸೋಹ ಕಾಣಿಕೆ.'

ಆ ರಸೀದಿಗಳನ್ನೇ ಅವನು ಕಚೇರಿಗೆ ಒಯ್ದುಕೊಟ್ಟ. ಬಿಲ್ಲುಗಳನ್ನು ನೋಡುವ ಶೃತಿ ಎಂಬಾಕೆ ಅವನ್ನು ಹಿಂದುಮುಂದಾಗಿ ತಿರುಗಿಸಿ ನಕ್ಕಳು.

"ಏನಿದು ಯಜಮಾನ್ರೇ? ಇದು ಡೊನೇಷನ್. ನೀವು ದೇವರಿಗೆ ಕಾಣಿಕೆ ಕೊಟ್ರೆ ಕಂಪನಿ ಯಾಕೆ ಕೊಡ್ಬೇಕು?"

"ನಾನು ಅಲ್ಲೇ ತಂಗಿದ್ದೆ ಕನವ್ವ. ಬೇಕಾದ್ರೆ ಬಂದ್ ಕೇಳಿ."

"ತಂಗಿದ್ರೆ ರೂಮ್ ಬಾಡಿಗೆ ಅಂತ ಬರೆಸ್ಕೊಂಡು ಬನ್ನಿ. ಆ ಪದ ಇಲ್ದೆ ನಾನು ಪಾಸ್ ಮಾಡಕ್ಕಾಗಲ್ಲ."

ಒಂದು ಪದ ತಾನೇ ಎಂದುಕೊಂಡು ಅವನು ಮಠಕ್ಕೆ ಬಂದು, ಬಾಡಿಗೆ ಎಂದು ಬರೆದುಕೊಡಿರೆಂದು ಕೇಳಿದ. ಮುದ್ದಯ್ಯನವರ ಮುಖ ಕೆಂಪಗಾಯಿತು.

"ಏನಂದೆ? ಬಾಡ್ಗೆನಾ? ಗುರುಗಳ ಗದ್ದುಗೆ ಇರೋ ಜಾಗನ ಲಾಡ್ಜ್ ಮಾಡ್ಬುಟ್ಟಲ್ಲಪ್ಪ! ನಾಳೆ ಪ್ರಸಾದುಕ್ಕೂ ರೇಟ್ ಬೋರ್ಡ್ ಹಾಕು ಅಂತೀಯಾ, ಸಾಂಬಾರ್‌ಗಿಷ್ಟು, ಮಜ್ಜಿಗೆಗಿಷ್ಟು ಅಂತ. ಈ ಪುಸ್ತಕದಲ್ಲಿ ನನ್ನ ಕೈ ಆ ಮಾತ ಬರಿಯಾಕಿಲ್ಲ. ಓಗು, ಕೈ ತೊಳ್ಕಂಡ್ ಊಟಕ್ ಕೂತ್ಕೊ."

ಪುಟ್ಟಬಸಪ್ಪ ನಾಚಿ ತಲೆ ತಗ್ಗಿಸಿದ. ಮುದ್ದಯ್ಯನವರ ಮಾತಿನಲ್ಲಿ ತಪ್ಪೇನಿತ್ತು? ಆದರೆ ಕಂಪನಿ ಕೊಟ್ಟ ಮಾತೂ ಸುಳ್ಳಲ್ಲವಲ್ಲ.

ಈ ಇಕ್ಕಟ್ಟನ್ನು ಅರಿತ ಗಿರೀಶ್ ಮರುದಿನ ಅವನನ್ನು ಬದಿಗೆ ಕರೆದ.

"ಇಷ್ಟಕ್ಕೆ ಯಾಕ್ರೀ ತಲೆ ಕೆಡಿಸ್ಕೊಂಡಿದೀರಿ? ಲಾಡ್ಜಿನ ಬಿಲ್ ಬುಕ್ಕೇ ನನ್ ಹತ್ರ ಇದೆ. ನಿಮ್ಮ ಹೆಸರು ಬರೀತೀನಿ, ಕೆಳಗೊಂದು ಸೈನ್ ಹಾಕಿ. ಅರ್ಧ ನಿಮಗೆ, ಅರ್ಧ ನನಗೆ."

"ನಾನು ಆ ಲಾಡ್ಜಲ್ಲಿ ಮಲಗ್ಲೇ ಇಲ್ವಲ್ಲಪ್ಪ."

"ಮಲಗಿದ್ರೋ ಬಿಟ್ರೋ ಯಾರು ಬಂದು ನೋಡ್ತಾರೆ? ಸೊಳ್ಳೆ ಬಂದು ಸಾಕ್ಷಿ ಹೇಳುತ್ತಾ? ಎಲ್ರೂ ಹಾಕಿದಾರೆ, ನೀವೊಬ್ರೇ ಹರಿಶ್ಚಂದ್ರನ ಮೊಮ್ಮಗ ಆಗ್ಬೇಡಿ. ಸೈನ್ ಹಾಕ್ದಿದ್ರೆ, ಮಠದ ಚೀಟಿ ತೋರಿಸಿ ದುಡ್ಡು ಹೊಡಿಯೋಕೆ ನೋಡ್ದ ಅಂತ ಆಫೀಸಲ್ಲಿ ನಿಮ್ಮ ಹೆಸರು ಕೆಡುತ್ತೆ. ಎರಡನೇ ಬಿಲ್ಡಿಂಗ್ ಬೇಕೋ ಬೇಡ್ವೋ, ನೀವೇ ಯೋಚನೆ ಮಾಡಿ."

ಕಂಡಿರಾ ಶರಣರೇ, ಕಾಲದ ಅಂದವನ್ನು! ನಿಜವಾಗಿ ತಂಗಿದ ಜಾಗದ ಚೀಟಿ ಕಸವಾಯಿತು, ಹೊಸ್ತಿಲನ್ನೇ ತುಳಿಯದ ಕೋಣೆಯ ಚೀಟಿ ಕಚೇರಿಯಲ್ಲಿ ಪ್ರಮಾಣವಾಯಿತು. ಸತ್ಯ ನುಡಿದವನು ಕಳ್ಳ, ಸುಳ್ಳಿಗೆ ಸಹಿ ಹಾಕುವವನು ಹೊಂದಿಕೊಂಡು ಹೋಗುವ ಸಜ್ಜನ! ಸಹಿ ಹಾಕಿದರೆ ಎರಡನೆಯ ಕಟ್ಟಡ, ಹಾಕದಿದ್ದರೆ ಕೆಟ್ಟ ಹೆಸರು. ಇಷ್ಟು ವರ್ಷ ಒಂದು ಟೊಳ್ಳು ಟೈಲ್ಸನ್ನೂ ಬಿಟ್ಟುಬಾರದ ಮನುಷ್ಯನ ಮುಂದೆ ಈ ಆಯ್ಕೆಯನ್ನಿಟ್ಟು ಆ ಗಿರೀಶ್ ಸಿಗರೇಟು ಹಚ್ಚಿಕೊಂಡು ಹೋದನಲ್ಲ, ಅವನ ಧೈರ್ಯವನ್ನು ಏನೆಂದು ಕರೆಯೋಣ!

ಅಂದು ಚಹಾದ ಬಿಡುವಿನಲ್ಲಿ ಪುಟ್ಟಬಸಪ್ಪ ಬೇವಿನ ಮರದ ಕೆಳಗೆ ಮಂಕಾಗಿ ಕುಳಿತಿದ್ದ. ಪಕ್ಕದಲ್ಲಿ ದೊಡ್ಡಮಾದಯ್ಯ ಬಂದು ಕುಳಿತ. ಗಾರೆ ಕಲಸುವ ಈತ ಕಾಡಂಚಿನ ಪುಣಜನೂರಿನವನು, ಕಂಪನಿಯೇ ಕರೆತಂದ ಆಳು. ಸಂಗತಿ ಕೇಳಿ ಅವನು ಗಹಗಹಿಸಿ ನಕ್ಕ.

"ನೀವು ಮಟದ್ ಚಾಪೆ ಮ್ಯಾಲೇ ಮನೀಕಳಿ ಬಸಪ್ಪಣ್ಣ. ನಾವು ಲಾಡ್ಜ್ ಗಿರಾಕಿಗಳು ಕನಾ."

"ಅಂದ್ರೆ ಏನ್ಲಾ ಮಾದಯ್ಯ?"

"ಕಾಗ್ದದಲ್ಲಿ ನಂಗೂ ಒಂದ್ ರೂಮದ. ಪ್ಯಾನದ, ಟೀವಿ ಅದ. ನಾನ್ ಮಾತ್ರ ಒಳಿಕ್ಕೆ ಓಗಿಲ್ಲ."

"ಮತ್ತೆ ಎಲ್ಲಿ ಮಲಗ್ತಿದ್ದೀಯೆ?"

"ಇಲ್ಲೇ ಈ ಬಿಲ್ಡಿಂಗ್ ಮೆಟ್ಲು ಕೆಳ್ಗೆ, ಸಿಮೆಂಟ್ ಚೀಲ ಹಾಸ್ಕಂಡು. ನಮ್ಮೂರಲ್ಲಾದ್ರೆ ಆನೆ ಬತ್ತದ ಅಂತ ಬಾಗ್ಲು ಆಕ್ಕಂಡ್ ಮನಗ್ಬೇಕು. ಇಲ್ಲಿ ಬಾಗ್ಲೇ ಇಲ್ಲ, ನಿಸೂರ!"

ನಗು ಕೆಮ್ಮಾಗಿ ತಿರುಗಿತು. ಸಿಮೆಂಟಿನ ಧೂಳು ಕುಡಿದ ಎದೆ ಸುಲಭಕ್ಕೆ ತಿಳಿಯಾಗಲಿಲ್ಲ. ಪುಟ್ಟಬಸಪ್ಪ ಅವನ ಬೆನ್ನು ನೀವುತ್ತಾ ಕೇಳಿದ, "ಸೈನ್ ಯಾಕ್ಲಾ ಹಾಕ್ದೆ?"

"ಆಕ್ದೆ ಇದ್ರೆ ನಾಳಿಂದ ಬರ್ಬ್ಯಾಡ ಅಂತಾರೆ. ಆಗ ನಮ್ ದೊಡ್ಡಮಾದಮ್ಮಂಗೆ ಏನೇಳನ? ಟೀವಿ ನೋಡ್ತಾ ಕುಂತಿದ್ದೆ ಕಣಮ್ಮಿ, ಕೆಲ್ಸ ಓಯ್ತು ಅನ್ನನಾ?"

ದೊಡ್ಡಮಾದಮ್ಮ ಅವನ ಹೆಂಡತಿ. ಈ ಮಾತಿಗೆ ಪುಟ್ಟಬಸಪ್ಪನಿಗೆ ನಗು ಬರಲಿಲ್ಲ. ದೊಡ್ಡಮಾದಯ್ಯ ಕಲಸಿಕೊಟ್ಟ ಗಾರೆಯ ಮೇಲೆ ದಿನವೆಲ್ಲ ಟೈಲ್ಸು ಕೂರಿಸಿ, ಸಂಜೆಯಾದೊಡನೆ ಮಠದ ಪಂಕ್ತಿಗೆ ಹೋಗಿ ಕುಳಿತ ತಾನು, ಈತ ಎಲ್ಲಿ ತಲೆಯಿಡುತ್ತಾನೆ ಎಂದು ಒಮ್ಮೆಯೂ ವಿಚಾರಿಸಿರಲಿಲ್ಲ!

"ಏಳು, ಇವತ್ತಿಂದ ನನ್ ಜೊತೆ ಮಠಕ್ ಬಾ."

"ನಾನಾ? ಮಟುಕ್ಕಾ?" ದೊಡ್ಡಮಾದಯ್ಯ ಸುತ್ತ ನೋಡಿದ. "ಯಾರಾರಾ ಏನಾರ ಅಂದ್ರೆ?"

"ಅಂದ್ರೆ ನಾನೂ ಚಾಪೆ ಸುತ್ಕಂಡ್ ಎದ್ ಬಂದ್ಬುಡ್ತೀನಿ. ಇಬ್ರೂ ಮೆಟ್ಲು ಕೆಳ್ಗೇ ಇರನ."

ಆ ಸಂಜೆ ಮುದ್ದಯ್ಯನವರು ಹೊಸಬನನ್ನು ಕೇಳಿದ್ದು ಎರಡೇ ಮಾತು, ಯಾವ ಊರು, ಊಟವಾಯಿತೇ. ಅಷ್ಟರಮಟ್ಟಿಗೆ ಆ ಮಠ ಮಠವಾಗಿ ಉಳಿದಿತ್ತು, ಶಿವ ದೊಡ್ಡವನು.

ಭಾನುವಾರ ಮನೆಗೆ ಬಂದ ಪುಟ್ಟಬಸಪ್ಪ ಹೆಂಡತಿ ದೊಡ್ಡಮಲ್ಲಮ್ಮನ ಮುಂದೆ ಎಲ್ಲವನ್ನೂ ಹೇಳಿಕೊಂಡ. ಕಂಪನಿಯನ್ನು ಅವಳೂ ಬಯ್ಯುತ್ತಾಳೆಂದು ಅವನ ಎಣಿಕೆ. ಅವಳೋ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿ ಗಂಡನ ಮುಖವನ್ನೇ ದಿಟ್ಟಿಸಿದಳು.

"ಕಾಣ್ಕೆ ಅಂತ ಗದ್ದುಗೆ ಮುಂದೆ ಇಟ್ಟಿದ್ದ ಕಂಪ್ನಿಯವ್ರ ತವ ವಾಪಸ್ ಕೇಳಕ್ ಓಗಿದ್ರಾ? ಚೆನ್ನಾಗದ ಕಣ್ರೀ ನಿಮ್ ಬಕ್ತಿ! ನಾಳಿಕ್ಕೆ ಉಂಡೀಗ್ ಆಕಿದ್ದಕ್ಕೂ ಬಿಲ್ ಕೇಳ್ಬುಡಿ."

"ಅಲ್ವೇ, ತಂಗೋ ಖರ್ಚ ನಾವೇ ಕೊಡ್ತೀವಿ ಅಂದಿದ್ರು."

"ಅಂದಿದ್ರೆ ಬಾಡ್ಗೆ ಮನೇಲಿ ಇರ್ಬೇಕಾಗಿತ್ತು. ಸಿವನ ಮನೇಲಿ ಉಂಡು ಮಲಗಿ, ಅದುಕ್ಕೆ ಬಾಡ್ಗೆ ಅಂದ್ರೆ ಆ ಮುದ್ದಯ್ಯನೋರಷ್ಟೇ ಅಲ್ಲ, ನಾನೂ ಒಪ್ಪಾಕಿಲ್ಲ."

ಪುಟ್ಟಬಸಪ್ಪನಿಗೆ ತನ್ನ ತಪ್ಪು ಆಗ ಹೊಳೆಯಿತು. ಕಂಪನಿ ಕೊಡುವ ಹಣವನ್ನು ತಾನು ಪಡೆದದ್ದೇ ಆಗಿದ್ದರೆ ಗದ್ದುಗೆಯ ಮುಂದಿಟ್ಟ ಕಾಣಿಕೆ ಕಂಪನಿಯದಾಗುತ್ತಿತ್ತು, ತನ್ನದಾಗಿ ಉಳಿಯುತ್ತಿರಲಿಲ್ಲ. ಕಾಣಿಕೆಗೆ ಬಾಡಿಗೆಯ ಅಂಗಿ ತೊಡಿಸಹೊರಟವನು ತಾನೇ. ಅದನ್ನು ಕೈಬಿಡಲು ಅವನಿಗೆ ಕ್ಷಣವೂ ಬೇಕಾಗಲಿಲ್ಲ. ಆದರೆ ದೊಡ್ಡಮಾದಯ್ಯನ ಕೋಣೆ? ಅದು ಕಾಣಿಕೆಯೂ ಅಲ್ಲ, ಬಾಡಿಗೆಯೂ ಅಲ್ಲ. ಬಡವನ ನಿದ್ರೆಯನ್ನು ಕದ್ದು ಮಾರಿದ ದುಡ್ಡು ಅದು. ತಾನು ಬಾಯಿ ಮುಚ್ಚಿಕೊಂಡರೆ ಎರಡನೆಯ ಕಟ್ಟಡದಲ್ಲಿಯೂ ಅವನು ಮೆಟ್ಟಿಲ ಕೆಳಗೇ ಕೆಮ್ಮುತ್ತಿರುತ್ತಾನೆ.

ಮರುದಿನ ದೊಡ್ಡಮಾದಯ್ಯನನ್ನು ಜೊತೆಗೆ ಕರೆದುಕೊಂಡು ಅವನು ಚಾಮರಾಜನಗರದ ಕಚೇರಿಗೆ ಹೋದ. ಶೃತಿಯ ಮೇಜಿನೆದುರು ಗಿರೀಶನೂ ಇದ್ದ. ಅವರನ್ನು ಕಂಡು, "ಬಂದ್ರಾ? ನಾನ್ ಹೇಳಿರ್ಲಿಲ್ವಾ ಮೇಡಂ, ಸೈನ್ ಹಾಕ್ತಾರೆ ಅಂತ" ಎಂದು ನಗುತ್ತಾ ಪೆನ್ನು ಮುಂದೆ ನೀಡಿದ.

ಪುಟ್ಟಬಸಪ್ಪ ಪೆನ್ನು ಮುಟ್ಟಲಿಲ್ಲ.

"ನನ್ನ ರಸೀದಿಗಳ ವಾಪಸ್ ಕೊಟ್ಬುಡಿ ಕನವ್ವ. ಅದು ನಾನು ಶಿವನಿಗೆ ಕೊಟ್ಟಿದ್ದು. ಸೂರು ಕೊಡ್ತೀವಿ ಅಂದೋರು ನೀವು, ಕೊಟ್ಟಿದ್ದು ಮಠ. ನೀವು ಋಣ ತೀರಿಸೋದಾದ್ರೆ ಮಠಕ್ಕೆ ತೀರಿಸ್ಬೇಕು, ನನಗಲ್ಲ."

"ಇಷ್ಟು ಹೇಳೋಕೆ ಇಲ್ಲೀತನಕ ಬಂದ್ರಾ?" ಎಂದಳು ಶೃತಿ.

"ಇನ್ನೊಂದದೆ. ಈ ಮಾದಯ್ಯನ ಲಾಡ್ಜ್ ರೂಮಿಗೆ ನೀವು ದುಡ್ಡು ಕೊಟ್ಟಿದ್ದೀರಿ. ಆ ರೂಮಿನ ಬಾಗ್ಲು ಯಾವ ದಿಕ್ಕಿಗದೆ ಅಂತ ಇವನ್ನ ಒಂದ್ ಸಲ ಕೇಳಿ."

ಗಿರೀಶನ ನಗು ಆರಿತು. "ಯಜಮಾನ್ರೇ, ನಿಮ್ಮ ವಿಷಯ ಮಾತಾಡಿ, ಸಾಕು. ಮಾದಯ್ಯ, ನೀನು ಲಾಡ್ಜಲ್ಲೇ ತಾನೇ ಇದ್ದಿದ್ದು? ಹೇಳಯ್ಯ ಮೇಡಂಗೆ."

ದೊಡ್ಡಮಾದಯ್ಯ ತನ್ನ ಪಾದಗಳನ್ನೇ ನೋಡುತ್ತಾ ನಿಂತ. ಬೆರಳುಗಳ ಸಂದಿಯಲ್ಲಿ ಸಿಮೆಂಟು ಒಣಗಿ ಬಿರಿದಿತ್ತು. ಪುಟ್ಟಬಸಪ್ಪ ಅವನ ಪರವಾಗಿ ಬಾಯಿ ತೆರೆಯಲಿಲ್ಲ, ಭುಜದ ಮೇಲೆ ಕೈಯಿಟ್ಟನಷ್ಟೆ. ಕೊನೆಗೆ ದೊಡ್ಡಮಾದಯ್ಯನ ಬಾಯಿಂದ ಮಾತು ಹೊರಟಿತು.

"ಬಾಗ್ಲು ಎತ್ಲಾಗದ ಅಂತ ನಂಗ್ ಗೊತ್ತಿಲ್ಲ ಕನವ್ವ. ನಾನ್ ಅಲ್ಲಿ ಒಂದ್ ದಿನ್ವೂ ಮನಗಿಲ್ಲ. ಮೆಟ್ಲು ಕೆಳ್ಗೆ ಮನಗಿದ್ದೆ. ಸೈನ್ ಆಕು ಅಂದ್ರು, ಆಕ್ದೆ. ಬೀಡಿಗೆ ಅಂತ ಒಸಿ ಚಿಲ್ರೆ ಕೊಟ್ರು."

ಶೃತಿ ದೊಡ್ಡಮಾದಯ್ಯನ ಹೆಸರಿನ ಬಿಲ್ಲುಗಳನ್ನು ಕಡತದಿಂದ ಹೊರಗೆಳೆದಳು. ಪದ ಸರಿಯಿದೆಯೇ ಎಂದು ನೋಡಿ ಪಾಸು ಮಾಡಿದ್ದ ಆ ಬಿಲ್ಲುಗಳೆಲ್ಲ ಅವಳ ಕೈಯಿಂದಲೇ ಹೋಗಿದ್ದವು. "ಏನಿದು ಗಿರೀಶ್?" ಎಂದು ಕೇಳಿದರೆ, ಆ ಮಹಾನುಭಾವ ಹೇಳಿದ್ದೇನು ಗೊತ್ತೇ? "ಎಲ್ಲಾ ಸೈಟಲ್ಲೂ ಇದೇ ನಡೆಯೋದು ಮೇಡಂ, ಹೊಸದೇನಲ್ಲ." ಎಲ್ಲೆಡೆ ನಡೆಯುವುದರಿಂದ ಪಾಪ ತೊಳೆದುಹೋಗುತ್ತದೆಯೇ? ಎಷ್ಟು ಕಡೆ ನಡೆಯುತ್ತದೆಯೋ ಅಷ್ಟು ಪಾಲು ಅದು ಹೆಚ್ಚುತ್ತದಲ್ಲವೇ?

ನ್ಯಾಯ ಪೂರ್ತಿಯಾಗಿ ಗೆದ್ದಿತೆಂದು ಹೇಳಲು ಎಷ್ಟು ಆಸೆಯಿದ್ದರೂ, ಆದದ್ದನ್ನು ಆದಂತೆಯೇ ಹೇಳಬೇಕು. ಗಿರೀಶನನ್ನು ಕೆಲಸದಿಂದ ತೆಗೆಯಲಿಲ್ಲ, ಬೇರೆ ಊರಿಗೆ ಕಳುಹಿಸಿದರು. ಅಲ್ಲಿ ಯಾರ ನಿದ್ರೆಯನ್ನು ಮಾರುತ್ತಿದ್ದಾನೋ ಶಿವನೇ ಬಲ್ಲ. ಎರಡನೆಯ ಕಟ್ಟಡದ ಕೆಲಸ ಬೇರೊಬ್ಬ ಮೇಸ್ತ್ರಿಯ ಪಾಲಾಯಿತು. ಕಾರಣ ಕೇಳಿದಾಗ, ಪುಟ್ಟಬಸಪ್ಪನಿಗೆ ಹೊಂದಿಕೊಂಡು ಹೋಗುವ ಗುಣವಿಲ್ಲ ಎಂದರಂತೆ. ಈಗ ಅವನು ಚಾಮರಾಜನಗರದಲ್ಲಿ ಸಣ್ಣಪುಟ್ಟ ಮನೆಗಳಿಗೆ ಟೈಲ್ಸು ಕೂರಿಸಿ ಸಂಜೆ ಊರಿಗೆ ಮರಳುತ್ತಾನೆ. ಮಠದ ಋಣವನ್ನು ಕಂಪನಿ ಇಂದಿಗೂ ತೀರಿಸಿಲ್ಲ.

ಆದರೆ ಶೃತಿ ಪಟ್ಟು ಹಿಡಿದ ಕಾರಣ ದೊಡ್ಡಮಾದಯ್ಯನ ಕೆಲಸ ಉಳಿಯಿತು. ಲಾಡ್ಜಿನ ಬಿಲ್ಲುಗಳು ನಿಂತವು. ಆ ಹಣದಲ್ಲಿ ಕಂಪನಿ ಸೈಟಿನ ಪಕ್ಕದಲ್ಲೇ ಆಳುಗಳಿಗಾಗಿ ಶೀಟು ಹೊದಿಸಿದ ಒಂದು ಕೋಣೆ ಕಟ್ಟಿಸಿತು. ಒಳಗೆ ಮಂಚಗಳಿವೆ, ಫ್ಯಾನಿದೆ, ಚಿಲಕವಿರುವ ಬಾಗಿಲಿದೆ. "ಟೀವಿ ಒಂದ್ ಇಲ್ಲ ಕಣಣ್ಣ, ಅದುಕ್ಕೂ ಒಂದ್ ಮಾತ್ ಕೇಳ್ಬುಡದಾ?" ಎಂದು ದೊಡ್ಡಮಾದಯ್ಯ ಫೋನಿನಲ್ಲಿ ಪುಟ್ಟಬಸಪ್ಪನನ್ನು ಕೆಣಕುತ್ತಾನಂತೆ. ಕೆಮ್ಮು ಕಡಿಮೆಯಾಗಿದೆ.

ಬಂಧುಗಳೇ, ನಿಮ್ಮ ನಡುವೆ ಕೆಲಸ ಮಾಡಿಸುವವರಿದ್ದೀರಿ, ಕೆಲಸ ಮಾಡುವವರೂ ಇದ್ದೀರಿ. ಊರು ಬಿಟ್ಟು ಬಂದು ನಿಮ್ಮ ಮನೆಯನ್ನೋ ಅಂಗಡಿಯನ್ನೋ ಕಟ್ಟುತ್ತಿರುವವನನ್ನು, ಬಿಲ್ಲು ಎಲ್ಲಿ ಎನ್ನುವ ಮೊದಲು, ಎಲ್ಲಿ ಮಲಗಿದ್ದೆ ಎಂದು ಕೇಳಿರಿ. ಕೇಳಿ ಸುಮ್ಮನಾಗದೆ ಒಮ್ಮೆ ನಡೆದುಹೋಗಿ ಆ ಜಾಗವನ್ನು ಕಣ್ಣಾರೆ ನೋಡಿ ಬನ್ನಿರಿ. ಮಲಗದ ಕೋಣೆಗೆ ಸಹಿ ಹಾಕೆಂದು ನಾಳೆ ಯಾರಾದರೂ ನಿಮ್ಮ ಕೈಗೆ ಪೆನ್ನು ಕೊಟ್ಟರೆ, ಪುಟ್ಟಬಸಪ್ಪನಂತೆ ನೀವೂ ಅದನ್ನು ಮುಟ್ಟದಿರಿ. ಪಕ್ಕದಲ್ಲಿ ಹೆದರಿ ನಿಂತವನ ಭುಜದ ಮೇಲೆ ದಯವಿಟ್ಟು ಒಂದು ಕೈ ಇಡಿರಿ.