ಮಧ್ಯಾಹ್ನದ ನಿದ್ದೆ ಮತ್ತು ಒಂದು ಎಮ್ಮೆ

ಬಾಗಿಲು ತಳ್ಳಿ ಒಳಗೆ ಕಾಲಿಟ್ಟೆ. ನಲವತ್ತೆರಡು ಜನ ಸತ್ತುಬಿದ್ದಿದ್ದರು.

ಎಲ್ಲರ ತಲೆಯೂ ಡೆಸ್ಕಿನ ಮೇಲೆ. ಕೆಲವರ ಕೈ ಕೆಳಗೆ ಜೋತುಬಿದ್ದಿದೆ. ಒಬ್ಬರೂ ಮಿಸುಕುತ್ತಿಲ್ಲ. ನನಗೆ ಬಂದ ಮೊದಲ ಯೋಚನೆ: ಗ್ಯಾಸ್ ಲೀಕ್. ಎರಡನೆಯದು: ಪೊಲೀಸರು ಮೊದಲು ಹಿಡಿಯುವುದು ವಿದೇಶದಿಂದ ಬಂದವನನ್ನೇ. ಮೂರನೆಯದು: 'ನಾನಲ್ಲ' ಅನ್ನುವುದಕ್ಕೆ ಚೀನಾದವರು ಏನನ್ನುತ್ತಾರೆ?

(ಈ ಅಂಕಣವನ್ನು ನಾಲ್ಕು ವಾರ ಓದಿದವರಿಗೂ ಇದರಲ್ಲಿ ಆಶ್ಚರ್ಯವಿಲ್ಲ. ಕುಕ್ಕರಿನ ಮೂರನೇ ವಿಷಲ್ ತಡವಾದರೆ ಇನ್ಶೂರೆನ್ಸ್ ಕಾಗದ ಹುಡುಕುವ ಜಾತಿ ನನ್ನದು.)

ಅಷ್ಟರಲ್ಲಿ ಮೂರನೇ ಸಾಲಿನ ಹುಡುಗನೊಬ್ಬ ಸಣ್ಣಗೆ ಗೊರಕೆ ಹೊಡೆದ. ಹೋದ ಜೀವ ಬಂತು. ಅವರಿಗಲ್ಲ, ನನಗೆ.

ಕಳೆದ ಸೆಪ್ಟೆಂಬರಿನಿಂದ ಜನವರಿಯವರೆಗೆ ಒಂದು ಸೆಮಿಸ್ಟರ್ ನಾನು ದಕ್ಷಿಣ ಚೀನಾದ ವಿಶ್ವವಿದ್ಯಾಲಯವೊಂದರಲ್ಲಿ ಪಾಠ ಮಾಡಿ ಬಂದೆ. ವಿಸಿಟಿಂಗ್ ಪ್ರೊಫೆಸರ್! ಶಿವಮೊಗ್ಗದ ಕಾಲೇಜಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಕಲಿಸುತ್ತಿರುವುದನ್ನೇ ಅಲ್ಲೂ ಕಲಿಸಿದೆ. ಸ್ಟಾಟಿಸ್ಟಿಕ್ಸ್, ಅದರಲ್ಲೂ ಸಂಭವನೀಯತೆ. ಏನೇನು ಆಗಬಹುದು ಎಂದು ಕೂತು ಚಿಂತಿಸುವವನಿಗೆ ಸಂಬಳ ಕೊಡುವ ಏಕೈಕ ಶಾಸ್ತ್ರ ಅದು.

ಅವತ್ತು ನನ್ನ ಮೊದಲ ಕ್ಲಾಸು. ಇದ್ದದ್ದು ಎರಡೂವರೆಗೆ. ನಾನು ಒಂದು ಗಂಟೆಗೇ ಹೋಗಿದ್ದೆ. ಲಿಫ್ಟ್ ಕೆಟ್ಟಿದ್ದರೆ? ಕಟ್ಟಡವೇ ತಪ್ಪಿದರೆ? ಆದರೆ ಅಲ್ಲಿ ಊಟ ಮುಗಿದ ಮೇಲೆ ಎರಡೂವರೆಯವರೆಗೆ ಊರಿಗೆ ಊರೇ ಮಲಗುತ್ತದೆ ಎಂಬ ಒಂದು ಸಾಧ್ಯತೆ ಮಾತ್ರ ನನ್ನ ಲೆಕ್ಕಕ್ಕೆ ಸಿಕ್ಕಿರಲಿಲ್ಲ. ಹಾಸ್ಟೆಲ್ ದೂರವಾದವರು ಕ್ಲಾಸಿನಲ್ಲೇ ತಲೆಯಿಡುತ್ತಾರೆ. ಕದ್ದಲ್ಲ, ರಾಜಾರೋಷವಾಗಿ. ಬ್ಯಾಗಿನಲ್ಲಿ ಪುಸ್ತಕದ ಪಕ್ಕ ಒಂದು ಪುಟ್ಟ ದಿಂಬು.

ಮುಂದೆ ನಾನು ಮಾಡಿದ್ದು ಯೋಚಿಸಿ ಮಾಡಿದ್ದಲ್ಲ. ಬಗ್ಗಿ ಶೂ ಬಿಚ್ಚಿದೆ. ಎರಡನ್ನೂ ಕೈಯಲ್ಲಿ ಹಿಡಿದು, ತುದಿಗಾಲಲ್ಲಿ, ಗೋಡೆಯಂಚಿಗೆ ನಡೆದೆ.

ಐವತ್ತಮೂರು ವರ್ಷದ ಪ್ರೊಫೆಸರಿಗೆ ಇದನ್ನು ಯಾರು ಕಲಿಸಿದರು? ಭದ್ರಾವತಿಯ ನ್ಯೂ ಟೌನ್.

ಅಪ್ಪ ಕಾರ್ಖಾನೆಯಲ್ಲಿ ಫರ್ನೇಸ್ ಕೆಲಸದವರು. ತಿಂಗಳಲ್ಲಿ ಒಂದು ವಾರ ನೈಟ್ ಶಿಫ್ಟ್. ಆ ವಾರ ನಮ್ಮ ಕ್ವಾರ್ಟರ್ಸಿನ ಗೇಟಿನ ಮೇಲೆ ಅಮ್ಮ ಒಂದು ಚೌಕುಳಿ ಟವೆಲ್ ಹಾಕುತ್ತಿದ್ದಳು. ಟವೆಲ್ ಇದೆ ಎಂದರೆ ಒಳಗೆ ರಾತ್ರಿಯಿಡೀ ದುಡಿದವರು ಮಲಗಿದ್ದಾರೆ ಎಂದು ಬೀದಿಗೆಲ್ಲ ಗೊತ್ತು. ಸೊಪ್ಪಿನವಳು ಕೂಗು ನುಂಗಿಕೊಂಡು ದಾಟುತ್ತಿದ್ದಳು. ಪಕ್ಕದ ಮನೆಯ ಸೆಲ್ವಿ ಅಕ್ಕ ಬಟ್ಟೆಯನ್ನು ಕಲ್ಲಿಗೆ ಬಡಿಯದೆ ಹಿಂಡಿ ಮಾತ್ರ ಹಾಕುತ್ತಿದ್ದರು. ನಾವು ಮಕ್ಕಳು ಗೇಟಿನಲ್ಲೇ ಚಪ್ಪಲಿ ಬಿಚ್ಚಬೇಕು. ಅಗುಳಿಯನ್ನು ಎಳೆಯದೆ ಎತ್ತಬೇಕು. ತೊಟ್ಟಿಕ್ಕುವ ನಲ್ಲಿಗೆ ಅಮ್ಮ ಬಟ್ಟೆಯ ಚೂರು ಕಟ್ಟುತ್ತಿದ್ದಳು. ಹನಿ ಸದ್ದಿಲ್ಲದೆ ಬಟ್ಟೆಗುಂಟ ಇಳಿದು ಹೋಗುತ್ತಿತ್ತು. ಆ ಹಗಲುಗಳು ಈಗಲೂ ನನಗೆ ನೀರಿನೊಳಗಿಂದ ಕಂಡ ಹಾಗೆ ಕಾಣುತ್ತವೆ. ಎಲ್ಲರ ಬಾಯಿ ಆಡುತ್ತಿದೆ, ದನಿ ಇಲ್ಲ.

ಚೀನಾದ ಆ ಕ್ಲಾಸ್ ರೂಮಿನಲ್ಲಿ ಟವೆಲ್ ಒಂದು ಇರಲಿಲ್ಲ, ಅಷ್ಟೇ.

ಮೇಜಿನವರೆಗೂ ಸರಿಯಾಗಿಯೇ ಹೋದೆ. ಆದರೆ ನನ್ನ ಹಣೆಬರಹ ನನಗಿಂತ ಮೊದಲೇ ಅಲ್ಲಿ ಕೂತಿತ್ತು. ಗಾಂಧಿ ಬಜಾರಿನಲ್ಲಿ ಕೊಂಡ ಸ್ಟೀಲ್ ಬಾಟಲಿ ಬ್ಯಾಗಿನಿಂದ ಜಾರಿ, ಠಣ್ಣೆಂದು ಬಿದ್ದು, ಉರುಳುರುಳಿ ಮೊದಲ ಸಾಲಿನವರೆಗೂ ಹೋಯಿತು.

ಒಬ್ಬಳು ತಲೆಯೆತ್ತಿದಳು. ಲಿನ್, ಆ ಕ್ಲಾಸಿನ ಲೀಡರ್. ನಾನು "ಸಾರಿ, ಸಾರಿ" ಎಂದು ಪಿಸುಗುಟ್ಟಿದೆ.

"ಇಲ್ಲ ಪ್ರೊಫೆಸರ್, ನಾನು ನಿದ್ದೆ ಮಾಡ್ತಿರಲಿಲ್ಲ" ಎಂದಳು ಇಂಗ್ಲಿಷಿನಲ್ಲಿ.

ಎಸಿಯ ಚಳಿಗೆ ಹಾಕಿಕೊಂಡಿದ್ದ ಸ್ವೆಟರಿನ ತೋಳಿನ ಹೆಣಿಗೆ ಅಷ್ಟೂ ಅವಳ ಎಡಗೆನ್ನೆಯ ಮೇಲೆ ಅಚ್ಚೊತ್ತಿತ್ತು. ಅವಳು ನನ್ನ ಕೈಯ ಶೂ ನೋಡಿದಳು. ಆಮೇಲೆ ಸಾಕ್ಸ್ ನೋಡಿದಳು. (ಬಲಗಾಲಿನ ಹೆಬ್ಬೆರಳು ಹೊರಗಿಣುಕಿ ಚೀನಾ ದೇಶವನ್ನು ನೋಡುತ್ತಿತ್ತು.) ನಗಲಿಲ್ಲ. ಮತ್ತೆ ತಲೆಯಿಟ್ಟಳು.

ಮಾರನೆಯ ವಾರ ನನ್ನ ಮೇಜಿನ ಮೇಲೆ ಒಂದು ದಿಂಬು ಕೂತಿತ್ತು. ಎಲೆಕೋಸಿನ ಆಕಾರದ, ಎಲೆಕೋಸಿನ ಬಣ್ಣದ ದಿಂಬು. ಕ್ಲಾಸಿನವರೆಲ್ಲ ಸೇರಿ ತಂದದ್ದು. "ಶೂ ಬಿಚ್ಚಿದ ಪ್ರೊಫೆಸರಿಗೆ" ಎಂದು ಒಂದು ಚೀಟಿ.

ಹೀಗೆ ನಾನು ಮಧ್ಯಾಹ್ನ ಮಲಗಲು ಕಲಿತೆ. ನಾನು! ರಾತ್ರಿಯೇ ನೆಟ್ಟಗೆ ನಿದ್ದೆ ಬಾರದವನು!

ಊಟ ಮುಗಿದ ಮೇಲೆ ಕ್ಯಾಂಪಸ್ಸಿನ ಮೇಲೆ ಯಾರೋ ದೊಡ್ಡ ಕಂಬಳಿ ಎಳೆದ ಹಾಗಾಗುತ್ತಿತ್ತು. ಗೇಟಿನ ವಾಚ್‌ಮನ್ ಟೋಪಿಯನ್ನು ಮಂಡಿಯ ಮೇಲಿಟ್ಟು ಮಲಗಿದ್ದಾನೆ. ಕ್ಯಾಂಟೀನಿನ ಹೆಂಗಸರು ಒರೆಸಿದ ಮೇಜಿನ ಮೇಲೆ ಕೆನ್ನೆಯಿಟ್ಟು ಮಲಗಿದ್ದಾರೆ. ಪಾರ್ಸೆಲ್ ತರುವವನು ಸ್ಕೂಟರಿನ ಸೀಟಿನ ಮೇಲೆ ಬೆನ್ನು, ಹ್ಯಾಂಡಲ್ ಮೇಲೆ ಕಾಲು ಚಾಚಿ, ಶೇಷಶಾಯಿ. ಅಕ್ಟೋಬರಿನಲ್ಲಿ ಅಲ್ಲೊಂದು ಮರ ಹೂ ಬಿಡುತ್ತದೆ. ಸಾಸಿವೆಗಿಂತ ತುಸು ದೊಡ್ಡ ಹಳದಿ ಹೂ, ಸುರಗಿಗೂ ಏಲಕ್ಕಿಗೂ ಹುಟ್ಟಿದಂಥ ಪರಿಮಳ. ಅದು ಮಲಗಿದವನ ಅಂಗಿಯ ಮೇಲೆ ಉದುರುತ್ತಲೇ ಇರುತ್ತಿತ್ತು. ಎಬ್ಬಿಸುತ್ತಿರಲಿಲ್ಲ.

ನಾನೂ ಕೋಸಿನ ಮೇಲೆ ಕೆನ್ನೆಯಿಡುತ್ತಿದ್ದೆ. ಮೊದಲು ಎಸಿಯ ಸದ್ದು ದೂರವಾಗುತ್ತಿತ್ತು. ಆಮೇಲೆ ಚೀನಾ ದೂರವಾಗುತ್ತಿತ್ತು. ಆಮೇಲೆ ಗೇಟು, ಗೇಟಿನ ಮೇಲೆ ಟವೆಲ್. ದಿನವೂ ಅದೇ ಕನಸು. ಅಪ್ಪ ಸೈಕಲ್ ತುಳಿದುಕೊಂಡು ಹೋಗುತ್ತಿದ್ದಾರೆ. ಕಣ್ಣು ಮುಚ್ಚಿದೆ. ನಾನು ಕೂಗಬೇಕು. ಆದರೆ ಟವೆಲ್ ಹಾಕಿದೆಯಲ್ಲ, ಕೂಗುವಂತಿಲ್ಲ.

ಈ ಕನಸಿಗೆ ಅರ್ಥ ಹುಡುಕಲು ಯಾವ ಪಂಡಿತರೂ ಬೇಡ. ನನಗೆ ಗೊತ್ತು. ನಲವತ್ತನಾಲ್ಕು ವರ್ಷದಿಂದ ಗೊತ್ತು.

ನನಗಾಗ ಒಂಬತ್ತು ವರ್ಷ. ಬೇಸಿಗೆ ರಜೆ, ಗೇಟಿನ ಮೇಲೆ ಟವೆಲ್. ಹಿತ್ತಲಲ್ಲಿ ಒಬ್ಬನೇ ಹೊಸ ಹಳದಿ ರಬ್ಬರ್ ಚೆಂಡನ್ನು ಸದ್ದಿಲ್ಲದೆ ಎಸೆದು ಸದ್ದಿಲ್ಲದೆ ಹಿಡಿಯುತ್ತಿದ್ದೆ. ಒಂದು ಸಲ ಕೈತಪ್ಪಿತು. ಬಚ್ಚಲಿನ ತಗಡಿನ ಬಾಗಿಲಿಗೆ ಧಡಾರ್! ಒಳಗೆ ಮಂಚ ಕಿರುಗುಟ್ಟಿತು. ಒಂದು ಕೆಮ್ಮು. ಆಮೇಲೆ ಏನೂ ಇಲ್ಲ. ನಾನು ಚೆಂಡನ್ನೂ ಬಿಟ್ಟು ಓಡಿಹೋದೆ. ಅಪ್ಪ ಎದ್ದು ಬಂದು ಎರಡು ಬಿಟ್ಟಿದ್ದರೆ ಲೆಕ್ಕ ಅಲ್ಲಿಗೇ ಚುಕ್ತಾ ಆಗುತ್ತಿತ್ತು. ಬರಲಿಲ್ಲ.

ಅವತ್ತು ಶಿಫ್ಟಿಗೆ ಹೋಗುವಾಗ ಸೇತುವೆ ಹತ್ತಿರ ಅಪ್ಪ ಸೈಕಲ್ಲಿನಿಂದ ಬಿದ್ದರು. ಎಡ ಮೊಣಕೈ ಮುರಿಯಿತು. ಕೂಡಿಕೊಂಡಿತು, ಆದರೆ ಸೊಟ್ಟಗೆ. ಇವತ್ತಿಗೂ ಆ ಕೈ ಪೂರ್ತಿ ಚಾಚುವುದಿಲ್ಲ. ದೇವರಿಗೆ ಕೈಮುಗಿದರೆ ಯಾರನ್ನೋ ಮೊಣಕೈಯಿಂದ ತಿವಿಯುತ್ತಿದ್ದಾರೇನೋ ಅನ್ನಿಸುತ್ತದೆ. ನೋಡಲು ಬಂದ ಸೋದರತ್ತೆ ಪಡಸಾಲೆಯಲ್ಲಿ ಕೂತು ಹೇಳಿದ ಮಾತು ನನ್ನ ಕಿವಿಗೆ ಬಿತ್ತು: "ನಿದ್ದೆಗೆಟ್ಟೋನು ಸೈಕಲ್ ಹತ್ತಬಾರ್ದಿತ್ತು ಕಣೇ."

ನಿದ್ದೆ ಕೆಡಿಸಿದ್ದು ಯಾರು ಎಂದು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ನಾನು ಚಿಂತೆ ಮಾಡಲು ಶುರುಮಾಡಿದ್ದು ಅವತ್ತಿನಿಂದ, ಇನ್ನೂ ನಿಲ್ಲಿಸಿಲ್ಲ. ಇಷ್ಟು ವರ್ಷ ಯಾಕೆ ಕೇಳಲಿಲ್ಲ ಅನ್ನುತ್ತೀರಾ? ಪ್ರಶ್ನೆ ಕೇಳುವವರೆಗೆ ಉತ್ತರ ಐವತ್ತು-ಐವತ್ತು. ಕೇಳಿದ ಮೇಲೆ ನೂರು ಅಥವಾ ಸೊನ್ನೆ. ಐವತ್ತರಲ್ಲಿ ಹೇಗೋ ಬದುಕಬಹುದು.

ಜನವರಿಯಲ್ಲಿ ಊರಿಗೆ ಬಂದೆ. ಕೋಸೂ ಬಂತು. ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಅದನ್ನು ಮೇಜಿನ ಮೇಲಿಟ್ಟು ತಲೆಯೊರಗಿಸಿದೆ. ಎರಡು ನಿಮಿಷವಾಗಿಲ್ಲ, ಫಿಸಿಕ್ಸಿನ ನಾಗರಾಜ್ ಭುಜ ಅಲುಗಾಡಿಸಿದರು.

"ಸಾರ್, ಸಾರ್! ಬಿಪಿನಾ? ಶುಗರ್ರಾ?"

"ಏನಿಲ್ಲ. ಮಲಗಿದ್ದೆ."

"ಕಾಲೇಜಲ್ಲಾ?" ಅವರ ಮುಖದಲ್ಲಿ ನಿಜವಾದ ಗಾಬರಿ. "ಎಂಥದು ಮಾರಾಯ್ರೆ, ಪ್ರಿನ್ಸಿಪಾಲ್ರು ನೋಡಿದ್ರೆ? ಮತ್ತೆ ಈ ಕೋಸು ಯಾಕೆ? ತರಕಾರಿ ತಗೊಂಡಾಗಿದ್ರೆ ಮನೇಗಾದ್ರೂ ಹೋಗಿ."

ನಮ್ಮಲ್ಲಿ ಮೂರು ಗಂಟೆ ಮೊಬೈಲ್ ನೋಡುವುದು ಬಿಡುವು. ಮೂವತ್ತು ನಿಮಿಷ ಕಣ್ಣು ಮುಚ್ಚುವುದು ಕಾಯಿಲೆ. 'ನಾನು ದಿನಕ್ಕೆ ನಾಲ್ಕೇ ಗಂಟೆ ಮಲಗೋದು' ಅನ್ನುವವನಿಗೆ ಸನ್ಮಾನ, ಶಾಲು. ಹೀಗಾಗಿ ಎಲ್ಲರೂ ಅರ್ಧ ಮಲಗಿಕೊಂಡೇ ಓಡಾಡುತ್ತೇವೆ, ಯಾರೂ ಒಪ್ಪುವುದಿಲ್ಲ. ನನ್ನ ಹೆಂಡತಿ ಸುಮಾ ಟಿವಿ ಮುಂದೆ ಗೊರಕೆ ಹೊಡೆಯುತ್ತಿರುವಾಗ ರಿಮೋಟ್ ತೆಗೆದುಕೊಂಡು ನೋಡಿ. "ನೋಡ್ತಾ ಇದ್ದೀನಲ್ರೀ!"

ಕೋಸು ಮನೆಗೆ ಬಂತು. ಕನಸೂ ಅದರ ಜೊತೆಗೇ ಬಂತು. ಮೂರನೇ ಸಲ ಬೆವೆತು ಎದ್ದಾಗ ಸುಮಾಳಿಗೆ ಎಲ್ಲ ಹೇಳಿದೆ. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ.

"ನಲವತ್ತನಾಲ್ಕು ವರ್ಷ ಉಪ್ಪಿನಕಾಯಿ ಹಾಕಿ ಇಟ್ಕೊಂಡಿದ್ದೀರಲ್ಲ ಮಾರಾಯ್ರೆ! ಮಾವನಿಗೆ ಎಂಬತ್ತೆರಡು. ಈಗ್ಲೂ ಕೇಳ್ದಿದ್ರೆ ಇನ್ಯಾರನ್ನ ಕೇಳ್ತೀರಿ?"

ಕಳೆದ ಭಾನುವಾರ ಭದ್ರಾವತಿ ಬಸ್ ಹತ್ತಿದೆ.

ಅಪ್ಪ ನನ್ನ ತಂಗಿಯ ಸಂಸಾರದ ಜೊತೆ ಇದ್ದಾರೆ. ನಾನು ಹೋದಾಗ ಊಟ ಮುಗಿದಿತ್ತು. ಒಳಗೆ ಮಿಕ್ಸಿ ಅರಚುತ್ತಿದೆ. ಟಿವಿಯಲ್ಲಿ ಕ್ರಿಕೆಟ್. ಹೊರಗೆ ಗುಜರಿಯವನ ಮೈಕು. ಇಷ್ಟರ ಮಧ್ಯೆ ವರಾಂಡದ ನವಾರಿನ ಮಂಚದ ಮೇಲೆ ಅಪ್ಪ ಮಗುವಿನ ಹಾಗೆ ಮಲಗಿದ್ದರು. ಮಗ್ಗುಲಾಗಿ, ಸೊಟ್ಟ ಕೈ ಎದೆಗೆ ಅವಚಿಕೊಂಡು. ನಾನು ಗೇಟಿನ ಅಗುಳಿಯನ್ನು ಎಳೆಯದೆ ಎತ್ತಿದೆ. ಚಪ್ಪಲಿ ಅಲ್ಲೇ ಬಿಟ್ಟೆ. ಕುರ್ಚಿಯಲ್ಲಿ ಕೂತು ಎಷ್ಟೋ ಹೊತ್ತು ನೋಡಿದೆ. ಹಾಗೆ ಅಪ್ಪನನ್ನು ನೋಡುತ್ತ ಕೂರಲು ಯಾವ ಕಾಲದಲ್ಲಿ ಬಿಡುವಿತ್ತು?

ಕಣ್ಣು ಬಿಟ್ಟರು. "ಯಾವಾಗ್ ಬಂದ್ಯೋ?"

"ಆಗ್ಲೇ. ಮಲಗಿದ್ರಿ."

"ಯಾರು ಮಲಗಿದ್ದು? ಸುಮ್ನೆ ಕಣ್ಣು ಮುಚ್ಕೊಂಡಿದ್ದೆ."

ನವಾರಿನ ನಾಲ್ಕು ಪಟ್ಟಿ ಕೆನ್ನೆಯ ಮೇಲೆ ಎದ್ದು ಕಾಣುತ್ತಿತ್ತು.

ತಂಗಿ ಕಾಫಿ ಇಟ್ಟು ಒಳಗೆ ಹೋದಳು. ಈಗ ಬಿಟ್ಟರೆ ಇಲ್ಲ ಅನ್ನಿಸಿತು. "ಅಪ್ಪ, ನಿಮ್ಮ ಕೈ ಮುರೀತಲ್ಲ, ಅವತ್ತು ಮಧ್ಯಾಹ್ನ ಬಚ್ಚಲ ಬಾಗ್ಲಿಗೆ ಚೆಂಡು ಹೊಡ್ದಿದ್ದು ನಾನು."

"ಚೆಂಡಾ? ಯಾವ್ ಚೆಂಡು?"

"ನಿಮ್ಗೆ ಎಚ್ಚರ ಆಯ್ತು. ನಿದ್ದೆಗೆಟ್ಟು ಸೈಕಲ್ಲಿಂದ…"

ಅಪ್ಪ ಕಾಫಿ ಲೋಟ ಕೆಳಗಿಟ್ಟರು. ನನ್ನನ್ನು ನೋಡಿದರು. ಫರ್ನೇಸಿನ ಬೆಂಕಿ ನೋಡಿ ನೋಡಿ ಕಿರಿದಾದ ಕಣ್ಣು.

"ಎಮ್ಮೆ ಬಂತೋ ಮಾರಾಯ."

"ಎಮ್ಮೆ?"

"ಸೇತುವೆ ಹತ್ರ. ಕತ್ಲೆ, ಕರೀ ಎಮ್ಮೆ, ಬೀದಿ ದೀಪ ಇಲ್ಲ. ಬ್ರೇಕ್ ಹಾಕ್ದೆ, ಬಿದ್ದೆ. ಅದು ತಿರುಗೂ ನೋಡ್ಲಿಲ್ಲ."

"ಮತ್ತೆ ನಿದ್ದೆ?"

"ಯಾವ ನಿದ್ದೆ? ಹಗಲು ಹೊತ್ತಲ್ಲಿ ಯಾರಿಗ್ ನಿದ್ದೆ ಬರುತ್ತೋ! ನೀವೆಲ್ಲ ಕಳ್ಳರ ಥರ ಕಾಲೆತ್ತಿ ಇಡೋದು, ನಿಮ್ಮಮ್ಮ ಬಳೆ ಮೇಲೇರಿಸ್ಕೊಂಡು ಅನ್ನ ಬಸಿಯೋದು, ಎಲ್ಲ ಕೇಳಿಸ್ಕೊಂಡು ಬಿದ್ಕೊಂಡಿರ್ತಿದ್ದೆ. ಒಂದು ಮನೆಯವರೆಲ್ಲ ಸೇರಿ ನನಗೋಸ್ಕರ ಸುಮ್ನಿರೋದು ಅಂದ್ರೆ… ಅದನ್ನ ಬಿಟ್ಟು ಯಾರಾದ್ರೂ ನಿದ್ದೆ ಮಾಡ್ತಾರೇನೋ?"

ನಾನು ಎದ್ದು ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡೆ. (ಬಿಸಿಲು ಜಾಸ್ತಿ ಇತ್ತು. ಹಾಗಂತ ಅಂದುಕೊಳ್ಳಿ.) ಒಂದು ಎಮ್ಮೆ! ಅದು ನಡೆದು ಹೋಗಿಬಿಟ್ಟಿತು, ನಾನು ಮಾತ್ರ ಅದರ ಭಾರ ಹೊತ್ತುಕೊಂಡು ಚೀನಾದವರೆಗೂ ಹೋಗಿ ಬಂದೆ. ಮೈ ಹಗುರಾಗಿ, ನೆಲಕ್ಕೆ ಕಾಲು ತಾಗುತ್ತಿದೆಯೋ ಇಲ್ಲವೋ ತಿಳಿಯದಂತಾಯಿತು.

ಸಂಜೆ ಹೊರಟಾಗ ಅಪ್ಪ ಗೇಟಿನವರೆಗೂ ಬಂದರು. ಅಗುಳಿ ತೆಗೆಯುತ್ತ, ಎಲ್ಲೋ ನೋಡುತ್ತ ಕೇಳಿದರು.

"ಆ ಹಳದಿ ಚೆಂಡು ಆಮೇಲೆ ಸಿಕ್ತೇನೋ ನಿಂಗೆ?"

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತೆ. ಸಂಜೆಯ ಗಾಳಿಗೆ ಕಣ್ಣು ಮುಚ್ಚುತ್ತಿತ್ತು. ಸೇತುವೆ ಬಂತು, ಹೋಯಿತು. ಆಗ ಹೊಳೆಯಿತು. ಚೆಂಡಿನ ಬಣ್ಣ ಹಳದಿ ಎಂದು ನಾನು ಹೇಳಿಯೇ ಇರಲಿಲ್ಲ. ಕೆನ್ನೆಯ ಮೇಲೆ ಸ್ವೆಟರಿನ ಹೆಣಿಗೆ ಹೊತ್ತುಕೊಂಡು 'ನಿದ್ದೆ ಮಾಡ್ತಿರಲಿಲ್ಲ' ಎಂದ ಲಿನ್ ನೆನಪಾದಳು. ನವಾರಿನ ನಾಲ್ಕು ಪಟ್ಟಿ ನೆನಪಾಯಿತು.

ಅಲ್ಲ, ಆ ಎಮ್ಮೆ ನಿಜವಾಗಿಯೂ ಇತ್ತೇ?