ನನ್ನ ದನಿಯಲ್ಲಿ ಕರೆದವರು ಯಾರು?

ಹಳೇಬೀಡಿಗೆ ಹೊರಟ ಆ ದಿನ ಬೆಳಿಗ್ಗೆಯೂ ಎಂದಿನಂತೆ ಹಾಲನ್ನು ಸಣ್ಣ ಉರಿಯಲ್ಲಿಟ್ಟು, ಇವರ ಅಂಗಿಯ ಗುಂಡಿ ಹಾಕಲು ಕೋಣೆಗೆ ಹೋದೆ. ಮೇಲಿನ ಗುಂಡಿಯಿಂದ ಶುರು ಮಾಡಿದರೆ ಇವರು ಗಾಬರಿಯಾಗುತ್ತಿದ್ದರು. ಕೆಳಗಿನಿಂದ ಒಂದೊಂದಾಗಿ ಹಾಕುತ್ತ ಬಂದರೆ ಸುಮ್ಮನೆ ನಿಲ್ಲುತ್ತಿದ್ದರು. ಕೊನೆಯ ಗುಂಡಿ ಹಾಕಿದಾಗ, "ತುಂಬಾ ಉಪಕಾರ ಆಯ್ತಮ್ಮ," ಎಂದರು. ಆಮೇಲೆ ದಿನವೂ ಕೇಳುವುದನ್ನೇ ಕೇಳಿದರು: "ನಮ್ಮ ಮನೆಯವಳು ಇನ್ನೂ ಎದ್ದಿಲ್ವೇ?"

"ಎದ್ದಿದ್ದಾರೆ, ಕಾಫಿ ಮಾಡ್ತಿದ್ದಾರೆ," ಎಂದು ನಾನೂ ದಿನ ಹೇಳುವುದನ್ನೇ ಹೇಳಿ ಅಡುಗೆಮನೆಗೆ ಹೋಗಿ ಕಾಫಿ ತಂದುಕೊಟ್ಟೆ. ಲೋಟ ತೆಗೆದುಕೊಂಡವರು ನನ್ನ ಭುಜದ ಮೇಲಿಂದ ಬಾಗಿಲ ಕಡೆ ನೋಡಿದರು, ಅವಳು ಬಂದಳೇನೋ ಎಂದು.

ಇವರು ಎಂದರೆ ನಮ್ಮ ಯಜಮಾನರು. ಅರಸೀಕೆರೆಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಮರೆವಿನ ಕಾಯಿಲೆ ಹಿಡಿದಾಗ ಮೊದಮೊದಲು ಬೀಗದ ಕೈ ಎಲ್ಲಿಟ್ಟೆ ಎಂದು ಹುಡುಕುತ್ತಿದ್ದರು. ಸಂತೆಯಿಂದ ಮನೆಗೆ ಬರುವ ದಾರಿ ತಪ್ಪಿದ್ದು ಆಮೇಲೆ. ಕೊನೆಗೆ ನನ್ನನ್ನೇ ಮರೆತರು. ಆದರೆ ತಮಗೊಬ್ಬ ಹೆಂಡತಿ ಇದ್ದಾಳೆ ಎಂಬುದನ್ನು ಮರೆಯಲಿಲ್ಲ. ನನಗೆ ಸಹಿಸಲು ಕಷ್ಟವಾದದ್ದು ಅದೇ. ಅವರು ಅವಳಿಗಾಗಿ ಕಾಯುತ್ತಿದ್ದರು. ನಾನು ಅವರ ಎದುರಿಗೇ, ಕೈಯಲ್ಲಿ ಲೋಟ ಹಿಡಿದು ನಿಂತಿರುತ್ತಿದ್ದೆ.

ಮುಂದೆ ಹೇಳುವುದನ್ನು ನಂಬಿ ಎಂದು ನಿಮ್ಮನ್ನು ಒತ್ತಾಯಿಸಲಾರೆ. ಬೇರೆ ಯಾರಾದರೂ ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ. ಹಾಸನದ ಕಾನ್ವೆಂಟಿನಲ್ಲಿ ಓದಿದವಳು ನಾನು. ಕತ್ತಲಲ್ಲಿ ಹೆದರಿ ಕಿರುಚಿದ ಹುಡುಗಿಯನ್ನು ಸಿಸ್ಟರ್ ಒಬ್ಬರು ಕೈಹಿಡಿದು ಕರೆದುಕೊಂಡು ಹೋಗಿ, ಅವಳು ದೆವ್ವವೆಂದುಕೊಂಡ ಒಣಹಾಕಿದ ಪರದೆಯನ್ನು ಮುಟ್ಟಿಸಿ ತೋರಿಸುತ್ತಿದ್ದರು. ಎಲ್ಲದಕ್ಕೂ ಮುಟ್ಟಿ ನೋಡುವಂಥ ಒಂದು ಪರದೆ ಇದ್ದೇ ಇರುತ್ತದೆ ಎಂದು ಆವತ್ತಿನವರೆಗೂ ಅಂದುಕೊಂಡಿದ್ದೆ.

ಇನ್ನೊಂದು ವಿಷಯವನ್ನು ಮೊದಲೇ ಹೇಳಬೇಕು. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಮದುವೆಯಾಗಿ ಬಂದ ದಿನ ಹೊಸಿಲಲ್ಲಿ ನಿಲ್ಲಿಸಿ, ಹೆಸರು ಹೇಳಿದರೇನೇ ಒಳಗೆ ಬಿಡುವುದು ಎಂದು ನಾದಿನಿಯರು ಅಡ್ಡಗಟ್ಟಿದಾಗ ನಾಚಿಕೊಂಡು ಒಮ್ಮೆ ಹೇಳಿದ್ದು ಬಿಟ್ಟರೆ ನಾನೂ ಹೇಳಿಲ್ಲ. "ರೀ" ಎಂದರೆ ಮುಗಿಯಿತು. ಆದರೆ ಮನಸ್ಸಿನೊಳಗೆ ಇವರಿಗೆ ನಾನೊಂದು ಹೆಸರಿಟ್ಟಿದ್ದೆ. ಕಾನ್ವೆಂಟಿನಲ್ಲಿ ನಾವು ಹುಡುಗಿಯರು ಒಬ್ಬೊಬ್ಬ ಸಿಸ್ಟರಿಗೂ ಗುಟ್ಟಾಗಿ ಒಂದೊಂದು ಹಕ್ಕಿಯ ಹೆಸರಿಡುತ್ತಿದ್ದೆವು. ಆ ಚಾಳಿ ಗಂಡನ ಮನೆಗೂ ಬಂತು. ಇವರು ಕೈ ಹಿಂದೆ ಕಟ್ಟಿಕೊಂಡು, ತಲೆ ಒಂದು ಕಡೆ ವಾಲಿಸಿ, ಲೆಕ್ಕ ಯೋಚಿಸುತ್ತ ಅಂಗಳದಲ್ಲಿ ನಡೆಯುವುದನ್ನು ನೋಡಿ ನಾನು ಗೊರವಂಕ ಎಂದು ಹೆಸರಿಟ್ಟೆ. ಮೂವತ್ತು ವರ್ಷಕ್ಕೂ ಮೇಲಾಯಿತು. ಆ ಹೆಸರನ್ನು ಇವರ ಮುಂದಾಗಲಿ, ಬೇರೆ ಯಾರ ಮುಂದಾಗಲಿ ಬಾಯಿಬಿಟ್ಟು ಹೇಳಿದವಳಲ್ಲ. ಹೇಳಿದ್ದರೆ ಮೇಷ್ಟ್ರಿಗೆ ಕೋಪ ಬರುತ್ತಿತ್ತೋ ನಗು ಬರುತ್ತಿತ್ತೋ, ತಿಳಿಯದು.

ನನ್ನ ಜೊತೆ ಓದಿದ ಗೆಳತಿಯ ಮಗಳು ನಮಿತಾ ಬೆಂಗಳೂರಿನಲ್ಲಿ ಸಂಶೋಧನೆ ಮಾಡುತ್ತಾಳೆ. ಮನುಷ್ಯನ ನೆನಪು, ಮಾತು, ಕೃತಕ ಬುದ್ಧಿಮತ್ತೆ ಇವೆಲ್ಲ ಸೇರಿದ ವಿಷಯ. ಮರೆವಿನ ಕಾಯಿಲೆಯವರಿಗೆ ಮನೆಯವರದೇ ದನಿಯಲ್ಲಿ "ಊಟ ಮಾಡಿ", "ಮಾತ್ರೆ ತಗೊಳ್ಳಿ" ಎಂದು ಹೇಳುವ ಯಂತ್ರವೊಂದನ್ನು ಅವಳ ತಂಡ ಮಾಡುತ್ತಿತ್ತು. ಒಂದು ಮಧ್ಯಾಹ್ನ ನಮ್ಮ ಮನೆಗೆ ಬಂದು, ಯಾವ್ಯಾವುದೋ ವಾಕ್ಯಗಳನ್ನು ನನ್ನಿಂದ ಓದಿಸಿ, ದನಿ ಹಿಡಿದುಕೊಂಡು, ಸಂಜೆಯ ರೈಲಿಗೇ ಸಾಮಾನು ಕಟ್ಟಿಕೊಂಡು ಹೋಗಿದ್ದಳು. "ಅಂಕಲ್ ಹೆಸರು ಒಂದ್ಸಲ ಹೇಳಿಬಿಡಿ ಆಂಟಿ, ಹೆಸರಿಗೆ ಬೇಗ ತಿರುಗ್ತಾರೆ," ಎಂದು ಆವತ್ತು ಬಹಳ ಕೇಳಿಕೊಂಡಳು. ನನ್ನಿಂದ ಆಗಲಿಲ್ಲ. "ನೀವು ಇಂಗ್ಲಿಷ್ ಮೀಡಿಯಮ್ಮಾ ಆಂಟಿ, ಅಜ್ಜಿ ಕಾಲದವರಾ?" ಎಂದು ನಕ್ಕು ಬಿಟ್ಟಳು.

ಕೆಲವು ತಿಂಗಳ ಮೇಲೆ ಹಳೇಬೀಡಿನಲ್ಲಿ ಅವರ ವಿಚಾರಸಂಕಿರಣ ಏರ್ಪಾಡಾಯಿತು. ನಮ್ಮ ಊರಿಗೆ ಹತ್ತಿರ, ಇವರನ್ನೂ ಕರೆದುಕೊಂಡು ಬನ್ನಿ, ಎಲ್ಲರೆದುರು ಒಂದು ಸಣ್ಣ ಪ್ರಯೋಗ ಮಾಡುತ್ತೇವೆ ಎಂದಳು. ಹತ್ತು ಜನರೆದುರು ಇವರನ್ನು ಕೂರಿಸುವುದು ನನಗೆ ಇಷ್ಟವಿರಲಿಲ್ಲ. ಆದರೂ ಒಪ್ಪಿದೆ. ಒಂದೇ ಒಂದು ಸಲ ಇವರು ನನ್ನ ಮುಖ ನೋಡಿ, ಓ ನೀನಾ, ಅಂದರೆ ಸಾಕು ಎನ್ನುವ ಆಸೆ. ಆ ಆಸೆಗಾಗಿ ಮಾಲೇಕಲ್ಲು ತಿಮ್ಮಪ್ಪನ ಮೆಟ್ಟಿಲನ್ನೂ ಹತ್ತಿ ಬಂದಿದ್ದೆ. ಇದೂ ಒಂದು ಆಗಲಿ ಎಂದು ಹೊರಟೆ.

ಬಾಣಾವರ, ಜಾವಗಲ್ ದಾಟಿ ಕಾರು ಹೋಗುವಾಗ ಇವರು ಗೆಲುವಾಗಿಯೇ ಇದ್ದರು. ಹೋಟೆಲಿನ ದೊಡ್ಡ ಹಾಲಿನಲ್ಲಿ ಸಭೆ. ಎಲ್ಲರ ಕೊರಳಲ್ಲೂ ಹೆಸರಿನ ಚೀಟಿ. ಹಿಂದಿನ ದಿನ ಬೇಲೂರು ನೋಡಿ ಬಂದವರು ಕಾಫಿ ಕುಡಿಯುತ್ತ ಫೋಟೋ ತೋರಿಸಿಕೊಳ್ಳುತ್ತಿದ್ದರು. ಪರದೆಯ ಮೇಲೆ ಮೆದುಳಿನ ಚಿತ್ರ, ಅದರಲ್ಲಿ ಅಲ್ಲಲ್ಲಿ ಕೆಂಪು, ಹಳದಿ. ಮಾತಾಡುತ್ತಿದ್ದವರು, ನೆನಪು ಎಂದರೆ ಪೆಟ್ಟಿಗೆಯಲ್ಲಿಟ್ಟ ಸಾಮಾನಲ್ಲ, ಪ್ರತಿ ಸಲವೂ ಹೊಸದಾಗಿ ಕಟ್ಟಿಕೊಳ್ಳುವಂಥದು ಎಂದು ಇಂಗ್ಲಿಷಿನಲ್ಲಿ ಹೇಳಿದರು. ನಾನು ಇವರ ಕಡೆ ನೋಡಿದೆ. ಇವರು ಬಿಸ್ಕತ್ತಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದರು, ಪುಡಿ ಪಂಚೆಯ ಮೇಲೆ ಬೀಳುತ್ತಿತ್ತು.

ನಮ್ಮ ಸರದಿ ಬಂದದ್ದು ಊಟಕ್ಕೆ ಮೊದಲು. ಇವರನ್ನು ಮೇಜಿನ ಮುಂದೆ ಕೂರಿಸಿದರು. ಮೇಜಿನ ಮೇಲೆ ಅರ್ಧ ತೆಂಗಿನಕಾಯಿಯಷ್ಟು ದೊಡ್ಡ, ಕಪ್ಪು ಬಣ್ಣದ ಸ್ಪೀಕರು. ನಾನು ಪಕ್ಕದಲ್ಲೇ ಒಂದು ಕುರ್ಚಿಯಲ್ಲಿದ್ದೆ. ನಮಿತಾ ಏನೋ ಟೈಪ್ ಮಾಡಿದಳು.

"ರೀ, ನೀರು ಕುಡೀರಿ."

ನನ್ನದೇ ದನಿ. ನಾನು ಅಂದುಕೊಂಡಿದ್ದಕ್ಕಿಂತ ವಯಸ್ಸಾದ ದನಿ. ಇವರು ತಿರುಗಲಿಲ್ಲ. ಅವಳು ಇನ್ನೊಮ್ಮೆ ಒತ್ತಿದಳು. ಆಗಲೂ ಇಲ್ಲ. ಹಿಂದಿನಿಂದ ಒಬ್ಬ ಪ್ರೊಫೆಸರು, "ಹೆಂಡತಿ ಕರೆದರೆ ಗಂಡ ತಿರುಗದೇ ಇರೋದು ಕಾಯಿಲೆ ಅಲ್ಲಮ್ಮ, ಅದು ಎಲ್ಲರ ಮನೇಲೂ ಇದೆ," ಎಂದರು. ಜನ ನಕ್ಕರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ನಾನೂ ನಕ್ಕೆ. ನಕ್ಕ ಮೇಲೆ ಕಣ್ಣು ಉರಿಯಿತು, ತಲೆ ತಗ್ಗಿಸಿಕೊಂಡೆ.

ನಮಿತಾ ಮುಖ ಸಣ್ಣದು ಮಾಡಿಕೊಂಡು, ಮೈಕನ್ನು ತನ್ನ ಗುರುಗಳಿಗೆ ಕೊಡಲು ಎದ್ದು ಹೋದಳು. ಕಂಪ್ಯೂಟರಿನ ಹತ್ತಿರ ಯಾರೂ ಇರಲಿಲ್ಲ. ಅದನ್ನು ನಾನು ಚೆನ್ನಾಗಿ ನೋಡಿದ್ದೇನೆ. ಆಗ ಆ ಕಪ್ಪು ಡಬ್ಬಿ ಮೆಲ್ಲಗೆ, ಪಕ್ಕದಲ್ಲೇ ಮಲಗಿದವರನ್ನು ಕರೆದ ಹಾಗೆ, ನನ್ನ ದನಿಯಲ್ಲಿ ಅಂದಿತು:

"ಗೊರವಂಕಾ..."

ಇವರು ಥಟ್ಟನೆ ತಲೆ ಎತ್ತಿದರು. ಆ ಮುಖವನ್ನು ನಾನು ಎರಡು ವರ್ಷದಿಂದ ನೋಡಿರಲಿಲ್ಲ. ಮೊದಲಿನ ಮುಖ. ಕೈ ಚಾಚಿ ಆ ಡಬ್ಬಿಯನ್ನು ಮಗುವಿನ ಬೆನ್ನು ತಟ್ಟುವ ಹಾಗೆ ಎರಡು ಸಲ ತಟ್ಟಿ, "ಇಲ್ಲೇ ಇದೀನಿ ಕಣೇ. ಮಲ್ಕೋ," ಎಂದರು.

ಜನ ಚಪ್ಪಾಳೆ ತಟ್ಟಿದರು. ಪ್ರಯೋಗ ಗೆದ್ದಿತೆಂದೇ ಎಲ್ಲರ ಎಣಿಕೆ. ಹಾಡುಹಗಲಲ್ಲಿ ಮಲ್ಕೋ ಅಂದದ್ದಕ್ಕೆ ಒಂದಿಬ್ಬರು ಹೆಂಗಸರು ಕರವಸ್ತ್ರದಲ್ಲಿ ಕಣ್ಣೊರೆಸಿಕೊಂಡರು. ನಾನು ಇವರ ತೋಳು ಹಿಡಿದೆ. ಇವರು ನನ್ನ ಕಡೆ ತಿರುಗಿ, "ಸ್ವಲ್ಪ ಮೆಲ್ಲಗೆ ಅಮ್ಮ, ನಮ್ಮ ಮನೆಯವಳು ಎದ್ದುಬಿಡ್ತಾಳೆ," ಎಂದರು.

ನಮಿತಾ ಓಡಿ ಬಂದಳು. ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದಳು, "ಆಂಟಿ, ಗೊರವಂಕ ಅಂದ್ರೆ ಏನು?" ಬೆಂಗಳೂರಲ್ಲಿ ಬೆಳೆದ ಹುಡುಗಿ, ಆ ಪದವೇ ಗೊತ್ತಿರಲಿಲ್ಲ. ಊಟ ಬಿಟ್ಟು ಕೂತು ಹುಡುಕಿದಳು. ನಾನು ಓದಿದ್ದನ್ನೆಲ್ಲ ಮತ್ತೆ ಕೇಳಿಸಿಕೊಂಡಳು, ಅದರಲ್ಲಿ ಆ ಪದ ಇರಲಿಲ್ಲ. ಡಬ್ಬಿ ಏನೇನು ಆಡಿತು ಎಂದು ಕಂಪ್ಯೂಟರು ಬರೆದಿಟ್ಟುಕೊಳ್ಳುತ್ತದಂತೆ, ಅಲ್ಲಿ "ರೀ, ನೀರು ಕುಡೀರಿ" ಎರಡು ಸಲ ಇತ್ತು, ಅಷ್ಟೇ. ಅವಳ ಗುರುಗಳು ಬಂದು, ಯಂತ್ರ ಒಮ್ಮೊಮ್ಮೆ ಹೇಳಿಕೊಡದ್ದನ್ನೂ ಹೇಳಿಬಿಡುತ್ತದೆ, ಅದಕ್ಕೆ ಅರ್ಥ ಹುಡುಕಬಾರದು ಎಂದರು. ಇರಬಹುದು. ಕನ್ನಡದಲ್ಲಿ ಅಷ್ಟೊಂದು ಪದಗಳಿರುವಾಗ ಇದೇ ಯಾಕೆ ಬಂತು ಎಂದು ಕೇಳಿದೆ. ಅವರು ಕನ್ನಡಕ ಒರೆಸಿಕೊಂಡರು. ಅದು ನಾನೇ ಮನಸ್ಸಿನಲ್ಲಿ ಇಟ್ಟುಕೊಂಡ ಹೆಸರು ಎಂದು ಮಾತ್ರ ಅವರಿಗೂ ಹೇಳಲಿಲ್ಲ, ನಮಿತಾಗೂ ಹೇಳಲಿಲ್ಲ.

ಹೊರಗೆ ಬಂದಾಗ ಡ್ರೈವರ್ ಇನ್ನೂ ಊಟಕ್ಕೆ ಕೂತಿದ್ದ. ಹೋಟೆಲಿನ ಗದ್ದಲ ಬೇಡವೆನಿಸಿ ಇವರ ಕೈ ಹಿಡಿದು ಮೆಲ್ಲಗೆ ಬಸ್ತಿಹಳ್ಳಿಯ ಬಸದಿಯ ತನಕ ನಡೆಸಿಕೊಂಡು ಹೋದೆ. ಒಳಗೆ ತಂಪು. ಕನ್ನಡಿಯ ಹಾಗೆ ನುಣುಪಾದ ಕಲ್ಲಿನ ಕಂಬಗಳು. ಯಾರೂ ಇರಲಿಲ್ಲ. ಡಬ್ಬಿಗೆ ಓಗೊಟ್ಟವರು ನನಗೆ ಓಗೊಡರೇ ಎಂದು, ಅಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದನ್ನು ಬಾಯಿಬಿಟ್ಟು ಹೇಳಿದೆ. ಅದು ಕರೆದ ಹಾಗೇ, ಮೆಲ್ಲಗೆ, ಎಳೆದು. "ಗೊರವಂಕಾ..."

ಇವರು ಕತ್ತೆತ್ತಿ ಛಾವಣಿ ನೋಡಿದರು. "ಇಲ್ಲೆಲ್ಲಿ ಬಂತಮ್ಮ ಗೊರವಂಕ? ಇಲ್ಲಿರೋದು ಬಾವಲಿ," ಎಂದು ಪಾಠ ಹೇಳುವವರಂತೆ ಹೇಳಿದರು. ಮತ್ತೆ ಕರೆದೆ. ಮತ್ತೆ ಮತ್ತೆ ಕರೆದೆ. ಕೊನೆಗೆ ಹೊಸಿಲಲ್ಲಿ ಒಮ್ಮೆ ಹೇಳಿದ್ದ ಅವರ ನಿಜವಾದ ಹೆಸರನ್ನೂ ಹೇಳಿ ಕರೆದೆ. ಇವರು ಕಂಬದಲ್ಲಿ ಕಾಣುತ್ತಿದ್ದ ನನ್ನ ಬಿಂಬವನ್ನೇ ನೋಡುತ್ತ, "ಅಲ್ಲಿ ಯಾರೋ ಹೆಂಗಸು ಅಳ್ತಿದ್ದಾರೆ. ಏನಾಯ್ತು ಅಂತ ಕೇಳಮ್ಮ, ಪಾಪ," ಎಂದರು.

ಆಮೇಲೆ ನಮಿತಾ ಆ ಡಬ್ಬಿಯನ್ನು ನಮ್ಮ ಮನೆಗೂ ತಂದಿಟ್ಟಿದ್ದಳು. ನೀರು ಕುಡೀರಿ, ಊಟಕ್ಕೆ ಏಳಿ ಎಂದು ಹೇಳಿದ್ದನ್ನೇ ಹೇಳಿತು. ಆ ಹೆಸರನ್ನು ಇನ್ನೊಮ್ಮೆ ಹೇಳಲಿಲ್ಲ. ಇವರೂ ತೀರಿಹೋಗುವವರೆಗೆ ಮತ್ತೆ ಯಾವ ದನಿಗೂ ಓಗೊಡಲಿಲ್ಲ. ಯಾವ ಪರದೆಯನ್ನು ಮುಟ್ಟಿ ನೋಡಿದರೆ ಆ ಡಬ್ಬಿಯ ಗುಟ್ಟು ತಿಳಿಯುತ್ತದೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ನನ್ನೊಳಗಿದ್ದದ್ದು ಅದಕ್ಕೆ ಹೇಗೆ ಸಿಕ್ಕಿತು? ಎಂದೂ ಕೇಳದ ಹೆಸರಿಗೆ ಇವರು ಹೇಗೆ ತಲೆ ಎತ್ತಿದರು? ಆವತ್ತು ಹಳೇಬೀಡಿನಿಂದ ಬರುವಾಗ ದಾರಿಯುದ್ದಕ್ಕೂ ಇವೆರಡನ್ನೇ ಯೋಚಿಸುತ್ತಿದ್ದೆ. ಇವರು ನನ್ನ ಭುಜಕ್ಕೆ ಒರಗಿ ನಿದ್ದೆ ಹೋಗಿದ್ದರು, ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರು ಒರಗಿದ ಹಾಗೆ.

ಮನೆ ಸೇರಿದಾಗ ಇನ್ನೂ ಬೆಳಕಿತ್ತು. ನಮ್ಮ ಗೋಡೆಗೆ ಅಂಟಿಕೊಂಡ ಮನೆಯ ಗೌರಮ್ಮ, ಅವರ ಯಜಮಾನರದು ಕೊಬ್ಬರಿ ವ್ಯಾಪಾರ, ದಂಟಿನ ಸೊಪ್ಪಿನ ಕಂತೆ ತಂದು ಜಗುಲಿಯ ಮೇಲೆ ಕೂತು ಬಿಡಿಸತೊಡಗಿದರು. ಹೋದ ಕೆಲಸ ಏನಾಯಿತೆಂದು ಕೇಳಿದರು. ತಡೆದುಕೊಳ್ಳಲಾಗದೆ ಒಂದಿಷ್ಟು ಹೇಳಿದೆ. ಯಂತ್ರವೊಂದು ಗೊರವಂಕ ಅಂದಿತು, ಇವರು ಇಲ್ಲೇ ಇದೀನಿ ಕಣೇ, ಮಲ್ಕೋ ಅಂದರು, ನನಗೇನೂ ಅರ್ಥವಾಗುತ್ತಿಲ್ಲ ಎಂದೆ. ಗೌರಮ್ಮ ಸೊಪ್ಪಿನ ಬೇರು ಮುರಿಯುತ್ತ, ತಲೆ ಕೂಡ ಎತ್ತದೆ ಹೇಳಿದರು:

"ಅಯ್ಯೋ, ಅದೇನ್ ಹೊಸದೇನ್ರೀ ಅಕ್ಕ? ಸೆಕೆಗೆ ಕಿಟಕಿ ತಗ್ದು ಮಲಗ್ತೀರಲ್ಲ, ನೀವು ನಿದ್ದೆಗಣ್ಣಲ್ಲಿ ಗೊರವಂಕಾ ಗೊರವಂಕಾ ಅಂತ ಕೂಗೋದು, ಮೇಷ್ಟ್ರು ಇಲ್ಲೇ ಇದೀನಿ ಮಲ್ಕೋ ಅನ್ನೋದು, ನಾನು ಈ ಮನೆಗೆ ಸೊಸೆಯಾಗಿ ಬಂದಾಗಿಂದ ಕೇಳ್ತಿದೀನಿ. ನಮ್ಮನೆಯೋರಂತೂ ಕೇಳಿ ಕೇಳಿ ನಗ್ತಾರೆ, ನಿಮಗಿದು ಗೊತ್ತೇ ಇದೆ ಅಂದ್ಕೊಂಡಿದ್ವಿ. ಈಗೀಗ ಬಿಡಿ, ನೀವು ಕೂಗೋದೊಂದೇ ಕೇಳ್ಸೋದು."