ನೆಲಕ್ಕೆ ಕಾಲು ಎಟಕುವ ಗಾಡಿ

ಬೆಳಗಿನ ಐದೂವರೆ. ಅಂಕೋಲೆ ಬಳಿಯ ಶೆಟಗೇರಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹುಲಿಯಾ ಗೌಡರು ಮನೆಗೆ ಹೊಂದಿಕೊಂಡ ಹಳೆಯ ಕೊಟ್ಟಿಗೆಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಮೊಳದುದ್ದದ ಕಬ್ಬಿಣದ ಪೈಪೊಂದನ್ನು ಕಣ್ಣಿಗೆ ಹಿಡಿದಿದ್ದಾರೆ. ಆಚೆ ತುದಿಯಲ್ಲಿ ಹೆಂಡತಿ ಕಾಮಿ ಮೊಬೈಲಿನ ಬೆಳಕು ಬಿಡುತ್ತಿದ್ದಾರೆ. "ಸ್ವಲ್ಪ ಕೆಳಗೆ ಹಿಡಿ," ಎನ್ನುತ್ತಾರೆ ಗೌಡರು. ಕಾಮಿ ಕೆಳಗೆ ಹಿಡಿಯುತ್ತಾರೆ. ಒಂದು ನಿಮಿಷ ನೋಡಿ, ಇನ್ನೊಂದು ಕಣ್ಣಿಗೂ ಹಿಡಿದು ನೋಡಿ, ಗೌಡರು ಆ ಪೈಪನ್ನು ಗುಜರಿ ರಾಶಿಯ ಮೇಲೆ ಎಸೆಯುತ್ತಾರೆ.

ಹೊರಗಿನಿಂದ ಹೊಸದರಂತೆ ಹೊಳೆಯುವ ಪೈಪು ಅದು. ಯಾಕೆ ಎಸೆದಿರಿ ಎಂದು ಕೇಳುತ್ತೇನೆ.

"ಹೊರಗೆ ಎಷ್ಟು ಚಂದ ಕಂಡ್ರೂ ನಂಬೂಕೆ ಆಗೂದಿಲ್ಲ. ಇಲ್ಲಿ ಸಮುದ್ರದ ಗಾಳಿ ಅಲ್ದಾ, ಒಳಗಿಂದ ತಿಂತದೆ. ನಾ ಇದನ್ನ ಕಲ್ತದ್ದು ಮತ್ತೊಬ್ರ ಕೈ ಮುರ್ದು," ಎನ್ನುತ್ತಾರೆ.

ಕೊಟ್ಟಿಗೆಯ ನಡುವೆ ಎರಡು ಮರದ ದಿಮ್ಮಿಗಳ ಮೇಲೆ ಚಕ್ರ ಕಳಚಿದ ಮೊಪೆಡ್ ನಿಂತಿದೆ. ಎಡಗಾಲಿನಲ್ಲಿ ಬಲವಿಲ್ಲದ ದರ್ಜಿ ನಂದಿನಿ ಅವರಿಗಾಗಿ ಅದು ತಯಾರಾಗುತ್ತಿದೆ. ಹಳೆಯ ಗಾಡಿಗಳನ್ನು ಬಿಚ್ಚಿ, ತುಕ್ಕು ತೆಗೆದು, ಕತ್ತರಿಸಿ, ತಗ್ಗಿಸಿ, ಓಡಿಸುವವರ ಮೈಯಳತೆಗೆ ತಕ್ಕಂತೆ ಮತ್ತೆ ಕಟ್ಟುವುದು ಗೌಡರ ಕೆಲಸ. ನಾಲ್ಕು ವರ್ಷಗಳಲ್ಲಿ ಇಂಥ ಹನ್ನೊಂದು ಗಾಡಿಗಳು ಈ ಕೊಟ್ಟಿಗೆಯಿಂದ ಹೊರಟಿವೆ. ಒಂದೊಂದಕ್ಕೂ ಎರಡು ಮೂರು ತಿಂಗಳು ಬೇಕು. ಯಾಕೆಂದರೆ ಅವರಿಗೆ ಸಿಗುವುದು ಬೆಳಗಿನ ಮೂರು ತಾಸು ಮಾತ್ರ. ಎಂಟೂವರೆಗೆ ಚಾ ಕುಡಿದು ಬಾಳೆಗುಳಿಗೆ ಹೊರಡಬೇಕು. ಅಲ್ಲಿ ಗ್ರಿಲ್ ಅಂಗಡಿಯೊಂದರಲ್ಲಿ ಸಂಜೆ ಆರರವರೆಗೆ ಕಿಟಕಿ, ಗೇಟುಗಳ ವೆಲ್ಡಿಂಗ್. ಹೊಟ್ಟೆಪಾಡು ಅದು.

ಗೌಡರಿಗೆ ಈಗ ಐವತ್ತೆರಡು. ಓದಿದ್ದು ಏಳನೆಯ ಇಯತ್ತೆ. ತಂದೆ ಪರರ ಗದ್ದೆಯಲ್ಲಿ ದುಡಿದವರು. ಕೊಂಕಣ ರೈಲ್ವೆಯ ಸೇತುವೆಗಳು ಏಳುತ್ತಿದ್ದ ಕಾಲದಲ್ಲಿ ಇವರು ಕಲ್ಲು ಹೊರಲು ಹೋದರು. ಅಲ್ಲಿ ಪುಟ್ಟು ಮೇಸ್ತ್ರಿ ಎಂಬ ಫಿಟ್ಟರ್ ಊಟದ ಬಿಡುವಿನಲ್ಲಿ ಇವರ ಕೈಗೆ ವೆಲ್ಡಿಂಗ್ ಹೋಲ್ಡರ್ ಕೊಟ್ಟರು. "ತುಂಡು ಕಬ್ಬಿಣ ಕೊಟ್ಟು, ಬೆಸಿ ಅಂದ್ರು. ಬೆಸೆದೆ. ಸುತ್ತಿಗೆಯಲ್ಲಿ ಒಂದು ಹೊಡೆದ್ರು, ಬಿಟ್ಟೋಯ್ತು. ಮತ್ತೆ ಬೆಸಿ ಅಂದ್ರು. ಹಂಗೇ ಎರಡು ತಿಂಗಳು. ಒಂದು ದಿನವೂ ಬೈಲಿಲ್ಲ. ಅವ್ರು ಈಗ ಎಲ್ಲಿದ್ರೋ ಗೊತ್ತಿಲ್ಲ. ಊಟ ಮಾಡೂಕೆ ಕೂತಾಗ ಕೆಲವು ಸಲ ನೆನಪಾಗ್ತದೆ," ಎನ್ನುತ್ತಾರೆ ಗೌಡರು.

ಈ ಪುಟ್ಟ ಗಾಡಿಗಳ ಕೆಲಸ ಶುರುವಾದದ್ದು ಪ್ರೇಕ್ಷಾ ನಾಯಕರಿಂದ. ಪ್ರೇಕ್ಷಾ ಅವರ್ಸಾದವರು. ಅಂಕೋಲೆಯ ಖಾಸಗಿ ಪ್ರಯೋಗಾಲಯದ ಪರವಾಗಿ ಮನೆಮನೆಗೆ ಹೋಗಿ ರಕ್ತದ ಮಾದರಿ ತರುತ್ತಾರೆ. ಅವರ ಎತ್ತರ ನಾಲ್ಕಡಿಗೆ ಎರಡು ಬೆರಳು ಕಡಿಮೆ. ಸಕ್ಕರೆ ಕಾಯಿಲೆಯ ಪರೀಕ್ಷೆಗೆಂದು ವಯಸ್ಸಾದವರು ಬೆಳಗ್ಗೆ ಚಾ ಕೂಡ ಕುಡಿಯದೆ ಇವರಿಗಾಗಿ ಕಾಯುತ್ತಾರೆ. ಗಾಡಿ ಇಲ್ಲದ ಆ ದಿನಗಳಲ್ಲಿ ಪ್ರೇಕ್ಷಾ ಬಸ್ಸಿನಲ್ಲಿ, ರಿಕ್ಷಾದಲ್ಲಿ, ಉಳಿದದ್ದು ನಡಿಗೆಯಲ್ಲಿ ಎಂದು ದಿನಕ್ಕೆ ಐದು ಮನೆ ಮುಗಿಸುವಷ್ಟರಲ್ಲಿ ಹತ್ತು ಗಂಟೆಯಾಗುತ್ತಿತ್ತು. ಹೀಗೇ ಆದರೆ ಕೆಲಸಕ್ಕೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದು ಪ್ರಯೋಗಾಲಯದವರು ಹೇಳಿದ್ದರು. ಸ್ಕೂಟರ್ ಅಂಗಡಿಗಳಿಗೆ ಹೋದರೆ ಯಾವುದರ ಮೇಲೆ ಕೂತರೂ ಕಾಲು ಗಾಳಿಯಲ್ಲಿ.

ಯಾರೋ ಗ್ರಿಲ್ ಅಂಗಡಿಯ ಹುಲಿಯಾ ಗೌಡರನ್ನು ಕೇಳಿ ನೋಡು ಎಂದರು. ಅದೇ ದಿನಗಳಲ್ಲಿ ಗೌಡರು ಕಾರವಾರದ ಗುಜರಿಯಿಂದ ಪುಟ್ಟ ಬೈಕೊಂದನ್ನು ತಂದಿದ್ದರು. ಕಡಲತೀರದಲ್ಲಿ ಮಕ್ಕಳನ್ನು ಕೂರಿಸಿ ಸುತ್ತಾಡಿಸುತ್ತಿದ್ದ, ಹತ್ತು ಇಂಚಿನ ಚಕ್ರದ ಬೈಕು. ಮರಳು ತಿಂದು, ಉಪ್ಪು ಕುಡಿದು ಕೆಟ್ಟು ನಿಂತಿತ್ತು. ಇಂಜಿನ್ ಬಿಚ್ಚಿ ತೊಳೆದು, ಟ್ಯಾಂಕಿನ ತೂತು ಮುಚ್ಚಿ, ಫ್ರೇಮ್ ಕತ್ತರಿಸಿ ಬೆಸೆದು, ಬಣ್ಣ ಹೊಡೆದು, ಎರಡು ತಿಂಗಳಲ್ಲಿ ಅದನ್ನು ಓಡುವಂತೆ ಮಾಡಿದರು. ಇದನ್ನು ಓಡಿಸಿ ಪ್ರೇಕ್ಷಾರಿಗೆ ಅಭ್ಯಾಸವಾಗಲಿ, ಅಳತೆ ಹೊಂದಿದರೆ ಕಾಗದಪತ್ರ ಇರುವ ಬೇರೆ ಗಾಡಿ ಕಟ್ಟೋಣ ಎಂಬುದು ಲೆಕ್ಕಾಚಾರ.

ಪ್ರೇಕ್ಷಾ ಆ ದಿನವನ್ನು ನಗುತ್ತಲೇ ಹೇಳುತ್ತಾರೆ. "ಸೀಟಿನ ಮೇಲೆ ಕೂತು ಎರಡೂ ಕಾಲು ನೆಲಕ್ಕೆ ಇಟ್ಟೆ. ನಂಗೆ ಆಗ ಇಪ್ಪತ್ನಾಲ್ಕು ವರ್ಷ. ಅಷ್ಟು ವರ್ಷದಲ್ಲಿ ಯಾವ ಗಾಡಿಯ ಮೇಲೂ ನನ್ನ ಕಾಲು ನೆಲಕ್ಕೆ ತಾಗಿರ್ಲಿಲ್ಲ. ಒಂದು ಸುತ್ತು ಹೋದೆ, ಎರಡು ಹೋದೆ. ಮೂರನೇ ಸುತ್ತಿಗೆ ಗದ್ದೆ ಬದಿಯ ಹೊಂಡದಲ್ಲಿ ಗಾಡಿ ನಡು ಮುರೀತು."

ಬಲಗೈಯ ಮಣಿಕಟ್ಟಿನ ಮೂಳೆ ಮುರಿಯಿತು. ಸೂಜಿ ಹಿಡಿಯುವ ಕೈ ಅದು.

ಮರುದಿನ ಪ್ರೇಕ್ಷಾರ ತಾಯಿ ಮಂದಾಕಿನಿ ಶೆಟಗೇರಿಗೆ ಬಂದರು. ಗೌಡರು ಅಂಗಳದಲ್ಲಿ ತಲೆ ತಗ್ಗಿಸಿ ನಿಂತಿದ್ದರು. ಮಂದಾಕಿನಿ ಕೂಗಾಡಲಿಲ್ಲ. "ಸಿಟ್ಟು ಮಾಡ್ಬೇಡ ಅಂತ ಮಗಳು ಹೇಳಿ ಕಳ್ಸಿದಾಳೆ, ಹುಲಿಯಣ್ಣ. ನಾ ಮಾಡೂದಿಲ್ಲ. ಆದ್ರೆ ನೀವು ಇನ್ನು ಅವಳಿಗೆ ಗಾಡಿ ಮಾಡ್ಕೊಡೂದು ಬೇಡ," ಎಂದಷ್ಟೇ ಹೇಳಿ ಹೋದರು.

"ಅವ್ರು ಬೈದಿದ್ರೆ ಒಳ್ಳೇದಿತ್ತು," ಎನ್ನುತ್ತಾರೆ ಕಾಮಿ. "ಇವ್ರು ಎರಡು ದಿನ ಉಣ್ಲಿಲ್ಲ. ವೆಲ್ಡಿಂಗ್ ಮಿಷನ್ನಿಗೆ ಗೋಣಿ ಮುಚ್ಚಿಟ್ರು. ಅಂಗಡಿ ಕೆಲ್ಸ ಬಿಡೂಕೆ ಆಗೂದಿಲ್ಲ, ಅದಕ್ಕೆ ಹೋಗಿ ಬರೂದು. ಮನೇಲಿ ಕಬ್ಬಿಣ ಮುಟ್ಲಿಲ್ಲ."

ಒಂದು ಕೆಲಸ ಮಾತ್ರ ಮಾಡಿದ್ದರು. ಮುರಿದ ಬೈಕಿನ ಪೈಪನ್ನು ಉದ್ದಕ್ಕೆ ಸೀಳಿ ನೋಡಿದ್ದರು. ಬೆಸುಗೆ ಗಟ್ಟಿಯಾಗಿಯೇ ಇತ್ತು. ಅದರ ಪಕ್ಕದ ಪೈಪು ಒಳಗೆ ತುಕ್ಕು ಹಿಡಿದು ಕಾಗದದಷ್ಟು ತೆಳ್ಳಗಾಗಿತ್ತು. ಕತ್ತರಿಸಿದಾಗಲೇ ಒಳಗೆ ಇಣುಕಿದ್ದರೆ ಕಾಣುತ್ತಿತ್ತು. ಇಣುಕಿರಲಿಲ್ಲ.

ಎರಡು ತಿಂಗಳ ಮೇಲೆ, ಒಂದು ಭಾನುವಾರ, ಪ್ರೇಕ್ಷಾ ಒಬ್ಬರೇ ರಿಕ್ಷಾ ಮಾಡಿಕೊಂಡು ಬಂದರು. ಪ್ಲಾಸ್ಟರ್ ಬಿಚ್ಚಿ ನಾಲ್ಕು ದಿನವಾಗಿತ್ತು. ಗೌಡರು ಸೀಳಿದ ಪೈಪನ್ನು ತಂದು ಅವರ ಮುಂದಿಟ್ಟರು. ಪ್ರೇಕ್ಷಾ ಅದನ್ನು ಎತ್ತಿ ಬೆಳಕಿಗೆ ಹಿಡಿದು, ಉಗುರಿನಿಂದ ಕೆರೆದು, ಬಹಳ ಹೊತ್ತು ನೋಡಿದರು.

"ಇದನ್ನ ಯಾಕೆ ತೋರಿಸ್ತ್ರಿ?"

"ತಪ್ಪು ನಂದೇ ತಂಗಿ. ಅದು ನಿಂಗೆ ಗೊತ್ತಿರ್ಲಿ ಅಂತ. ಗಾಡಿ ಬೇಕಾದ್ರೆ ಬೇರೆ ಯಾರಾದ್ರೂ ಒಳ್ಳೆಯವ್ರನ್ನ ನೋಡು."

"ಬೇರೆಯವ್ರ ಹತ್ರ ಹೋದ್ರೆ ಅವ್ರು ಕಲೀಲಿಕ್ಕೆ ನಾ ಮತ್ತೊಂದು ಕೈ ಕೊಡ್ಬೇಕಾಗ್ತದೆ, ಹುಲಿಯಣ್ಣ. ನೀವು ಕಲ್ತಾಯ್ತಲ್ಲ. ನೀವೇ ಮಾಡಿ."

ಇದನ್ನು ಹೇಳುವಾಗ ಗೌಡರ ಕೈ ಗ್ರೈಂಡರಿನ ಮೇಲೆ ಸುಮ್ಮನೆ ನಿಲ್ಲುತ್ತದೆ. "ಅವಳು ಅಂದು ಬರದೇ ಇದ್ದಿದ್ರೆ ಆ ಗೋಣಿ ಇವತ್ತಿಗೂ ಹಂಗೇ ಇರ್ತಿತ್ತು. ಜನ ಅವಳಿಗೆ ಗಾಡಿ ಮಾಡ್ಕೊಟ್ಟೆ ಅಂತ ನನ್ನ ಹೊಗಳ್ತಾರೆ. ಕೊಟ್ಟದ್ದು ಅವಳು. ನಾ ಅಲ್ಲ."

ಎರಡನೆಯ ಸಲ ಗೌಡರು ಅವಸರ ಮಾಡಲಿಲ್ಲ. ಪ್ರೇಕ್ಷಾರ ನೆರೆಮನೆಯವರು ಕಾಗದಪತ್ರವೆಲ್ಲ ಸರಿಯಿದ್ದ ಹಳೆಯ ಮೊಪೆಡ್ಡನ್ನು ಕೊಟ್ಟರು. ಅದರ ಪ್ರತಿ ಪೈಪನ್ನೂ ಕತ್ತರಿಸಿ ಬೆಳಕು ಬಿಟ್ಟು ನೋಡಿ, ಸಂಶಯ ಬಂದದ್ದನ್ನು ತೆಗೆದುಹಾಕಿದರು. ಬೆಸೆಯುವಲ್ಲೆಲ್ಲ ಒಳಗೊಂದು ಸಣ್ಣ ಪೈಪು ತೂರಿಸಿ ಆಮೇಲೆ ಬೆಸೆದರು. ಕಡಲತೀರದ ಬೈಕಿನ ಚಕ್ರಗಳು ಇದಕ್ಕೆ ಬಂದವು. ಸೀಟು ನೆಲದಿಂದ ಹತ್ತೊಂಬತ್ತು ಇಂಚಿಗೆ ಇಳಿಯಿತು, ಹ್ಯಾಂಡಲ್ ನಾಲ್ಕು ಇಂಚು ಹಿಂದಕ್ಕೆ ಸರಿಯಿತು. ಬ್ರೇಕಿನ ಹಿಡಿಯನ್ನು ಪ್ರೇಕ್ಷಾರ ಬೆರಳಿನ ಉದ್ದಕ್ಕೆ ಬಗ್ಗಿಸಿದರು. ಹಿಂದೆ, ರಕ್ತದ ಮಾದರಿಯ ತಂಪುಪೆಟ್ಟಿಗೆ ಅಲುಗಾಡದಂತೆ ಕೂರಲು ಒಂದು ಚೌಕಟ್ಟು.

ಮಂದಾಕಿನಿಯವರಿಗೆ ವಿಷಯ ತಿಳಿದದ್ದು ಬಣ್ಣವೊಂದು ಬಿಟ್ಟು ಗಾಡಿ ಮುಗಿದ ಮೇಲೆ. ಮತ್ತೆ ಬಂದರು. ಈ ಸಲ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತೇಬಿಟ್ಟರು. "ಮೊದ್ಲು ನೀವು ಓಡ್ಸಿ. ನಾ ನೋಡ್ತೆ," ಎಂದರು. ಗೌಡರು ಐವತ್ತು ಕಿಲೋ ಅಕ್ಕಿ ಮೂಟೆಯನ್ನು ಸೀಟಿನ ಹಿಂದೆ ಕಟ್ಟಿ, ತಾವೂ ಕುಳಿತು, ಗದ್ದೆ ಬದಿಯ ಅದೇ ಹೊಂಡದ ದಾರಿಯಲ್ಲಿ ನಲವತ್ತು ಸಲ ಹೋಗಿ ಬಂದರು. ಮಂದಾಕಿನಿ ಎಣಿಸಿದರು. ಮುಗಿದ ಮೇಲೆ ಎದ್ದು ಹೋಗಿ ಪ್ರತಿ ಬೆಸುಗೆಯನ್ನೂ ಬೆರಳಿನಿಂದ ಮುಟ್ಟಿ ನೋಡಿದರು. ಕಾಮಿ ತಂದ ಚಾ ಕುಡಿದು ಹೋದರು. ಹಿಂದಿನ ಸಲ ಆ ಮನೆಯಲ್ಲಿ ನೀರು ಕೂಡ ಮುಟ್ಟಿರಲಿಲ್ಲ.

ಚೌತಿ ಮುಗಿದ ವಾರ ಗಾಡಿಯನ್ನು ಸಾರಿಗೆ ಕಚೇರಿಗೆ ಒಯ್ದರು. ಅಧಿಕಾರಿ ಬ್ರೇಕು ಹಿಡಿದು ನೋಡಿ, ಸೀಟು ಅಳೆದು, ಪ್ರೇಕ್ಷಾರಿಂದ ಎಂಟರ ಆಕಾರದಲ್ಲಿ ಓಡಿಸಿ, ಬದಲಾವಣೆಯನ್ನು ಕಾಗದದಲ್ಲಿ ಬರೆದುಕೊಟ್ಟರು.

ಅದಾಗಿ ಮೂರು ವರ್ಷವಾಯಿತು. ಪ್ರೇಕ್ಷಾ ಈಗ ಬೆಳಗ್ಗೆ ಆರಕ್ಕೆ ಹೊರಟು ಒಂಬತ್ತರೊಳಗೆ ಹದಿನಾಲ್ಕು ಮನೆ ಮುಗಿಸುತ್ತಾರೆ. ದಿನಕ್ಕೆ ಸುಮಾರು ನಲವತ್ತು ಕಿಲೋಮೀಟರ್. ಅವರ ಜಾಗಕ್ಕೆ ಬೇರೆಯವರನ್ನು ನೋಡುವ ಮಾತನ್ನು ಪ್ರಯೋಗಾಲಯದವರು ಮತ್ತೆ ಎತ್ತಿಲ್ಲ. "ನಾ ಬರೂದ್ರೊಳಗೆ ಯಾರಿಗೂ ಈಗ ತಲೆ ತಿರುಗೂದಿಲ್ಲ. ರಕ್ತ ಕೊಟ್ಟು ಬಿಸಿ ದೋಸೆ ತಿಂತಾರೆ," ಎನ್ನುತ್ತಾರೆ ಪ್ರೇಕ್ಷಾ. ಉಳಿದ ಹತ್ತು ಗಾಡಿಗಳ ಜನರೂ ಅವರ ಬಾಯಿಮಾತು ಕೇಳಿಯೇ ಶೆಟಗೇರಿಯ ದಾರಿ ಹಿಡಿದವರು. ಯಾರ ಗಾಡಿಯಾದರೂ ಸರಿ, ಆರು ತಿಂಗಳಿಗೊಮ್ಮೆ ಕೊಟ್ಟಿಗೆಗೆ ತಂದು ತೋರಿಸಲೇಬೇಕು. ತಾರದಿದ್ದರೆ ಗೌಡರೇ ಬಸ್ಸು ಹತ್ತಿ ಅವರ ಮನೆಗೆ ಹೋಗುತ್ತಾರೆ.

ಎಂಟೂವರೆಗೆ ಗೌಡರ ಜೊತೆ ನಾನೂ ಬಾಳೆಗುಳಿಗೆ ಹೊರಡುತ್ತೇನೆ. ಕ್ರಾಸಿನಲ್ಲಿ ಹುಬ್ಬಳ್ಳಿಯ ಲಾರಿಗಳು, ಬಸ್ಸಿಗೆ ಕಾಯುವವರು, ಮೀನಿನ ಟೆಂಪೊ. ಅಂಗಡಿ ತೆರೆಯಲು ಇನ್ನೂ ಹತ್ತು ನಿಮಿಷವಿದೆ. ನಿಮಗೆ ಏನಾದರೂ ಆಗಬೇಕೆಂದು ಇದೆಯೇ ಎಂದು ಕೇಳುತ್ತೇನೆ. ದೊಡ್ಡ ವರ್ಕ್‌ಶಾಪು, ಒಂದು ಸನ್ಮಾನ, ಏನಾದರೂ. ಗೌಡರು ಉತ್ತರಿಸುವ ಮೊದಲೇ ಪ್ರೇಕ್ಷಾರ ಗಾಡಿ ಒಳರಸ್ತೆಯಿಂದ ಹೊರಬರುತ್ತದೆ. ನೀಲಿ ಬಣ್ಣ, ಹಿಂದೆ ಬಿಳಿ ಪೆಟ್ಟಿಗೆ. ಲಾರಿಯೊಂದಕ್ಕೆ ದಾರಿ ಬಿಡಲು ಅವರು ನಿಲ್ಲುತ್ತಾರೆ, ಎರಡೂ ಪಾದ ನೆಲದ ಮೇಲೆ. ಲಾರಿ ಹೋಗುತ್ತದೆ. ಅವರು ಅಂಕೋಲೆಯ ಕಡೆ ತಿರುಗಿ ವಾಹನಗಳ ನಡುವೆ ಸೇರಿಹೋಗುತ್ತಾರೆ.

"ಮೊದ್ಲು ಅವಳು ಇಲ್ಲಿ ಬಂದ್ರೆ ಬಸ್ ಸ್ಟಾಪಿನವರೆಲ್ಲ ಕತ್ತು ಹೊರಳಿಸಿ ನೋಡ್ತಿದ್ರು. ಕೆಲವ್ರು ನಗ್ತಿದ್ರು," ಎನ್ನುತ್ತಾರೆ ಗೌಡರು, ಅಂಗಡಿಯ ಬೀಗಕ್ಕೆ ಕೀಲಿ ಹಾಕುತ್ತ. "ಈಗ ನೋಡಿದ್ರಲ್ಲ. ಯಾರಾದ್ರೂ ತಿರುಗಿದ್ರಾ? ಒಬ್ರೂ ಇಲ್ಲ. ಒಂದು ಗಾಡಿ ಹೋಯ್ತು, ಅಷ್ಟೇ. ನಂಗೆ ಬೇಕಾದದ್ದು ಅದೇ."